ಮೊದಲ ಕೋವಿ: ಬೋರ್ ಆಮೇಲೆ, ಭುಜ ಮೊದಲು

ಕೈಲ್‌ಪೊಳ್ದ್ ದಿನ ತೋಕ್‌ಪೂ ಮುಡಿಸಿ ಪೂಜೆ ಮಾಡುವ, ಹುತ್ತರಿಯಲ್ಲಿ ಕದಿರು ತೆಗೆಯುವಾಗ ಆಕಾಶಕ್ಕೆ ಒಂದು ಗುಂಡು ಹಾರಿಸುವ ಕೋವಿ ಕೊಡಗಿನ ಎಷ್ಟೋ ಮನೆಗಳಲ್ಲಿ 12 ಬೋರಿನ ಜೋಡಿ ನಳಿಕೆಯದು. ಬೋರ್ ಅಂದರೆ ನಳಿಕೆಯ ಒಳಗಾತ್ರದ ಅಳತೆ, ನಂಬರ್ ಜಾಸ್ತಿಯಾದಷ್ಟೂ ನಳಿಕೆ ಸಣ್ಣ. ಆ ಕೋವಿಯ ತೂಕ, ಉದ್ದ, ಹಿಡಿಯ (ಭುಜಕ್ಕೆ ಒತ್ತುವ ಮರದ ಭಾಗದ) ಬಾಗು ಎಲ್ಲವೂ ಹಾರುವ ಹಕ್ಕಿಯನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಹೊಸದಾಗಿ ಕೋವಿ ಕೊಳ್ಳಲು ಹೊರಟವರಿಗೆ ಇದು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ.

ಒಂದು ವಿಷಯ ಮೊದಲೇ ಹೇಳಿಬಿಡೋಣ. ನಮ್ಮಲ್ಲಿ ಹಕ್ಕಿ ಬೇಟೆ ಅಪರಾಧ. ಕಾಡುಕೋಳಿ, ಗೌಜುಗ, ಲಾವಕ್ಕಿ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 'ನಮ್ಮದೇ ಕಾಫಿ ತೋಟದಲ್ಲಿ ಹೊಡೆದೆವು' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಾಗಾದರೆ ಈ ಲೇಖನ ಯಾರಿಗೆ? ಹಾರುವ ಮಣ್ಣಿನ ಬಿಲ್ಲೆಗೆ, ಅಂದರೆ ಕ್ಲೇ ಟಾರ್ಗೆಟ್‌ಗೆ ಹೊಡೆಯುವುದನ್ನು ಕಲಿಯುವವರಿಗೆ. ಊರಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೆ ನಿಲ್ಲುವವರಿಗೆ. ಹಾಗೆಯೇ ಅಮೆರಿಕದ ಸೌತ್ ಡಕೋಟಾದಂಥ ಕಡೆ ನೆಲೆಸಿ, ಅಲ್ಲಿನ ಲೈಸೆನ್ಸ್ ಪಡೆದು ಫೆಸಂಟ್ ಹಕ್ಕಿಯ ಬೇಟೆಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೂ.

ಕಾಗದ ಪತ್ರ ಮೊದಲು

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ವಿನಾಯಿತಿ ಅಂದರೆ ದಾಖಲೆಯೇ ಬೇಡ ಅಂತಲ್ಲ. ವಿನಾಯಿತಿ ಪತ್ರ ಮಾಡಿಸಬೇಕು. ಅದರಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದೆಯಾ ಅಂತ ನೀವೇ ನೋಡಬೇಕು. ವಿನಾಯಿತಿ ಇಲ್ಲದವರು ಎಲ್ಲರಂತೆ ಲೈಸೆನ್ಸ್ ಪಡೆಯಬೇಕು, ಅದಕ್ಕೆ 21 ವರ್ಷ ತುಂಬಿರಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ದೂರದೊಳಗೆ ವಾಸವಿದ್ದು ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎನ್ನುತ್ತದೆ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್. ಲೈಸೆನ್ಸ್ ವಿನಾಯಿತಿ ಇದ್ದವರೂ ಇದರಲ್ಲಿ ಸೇರುತ್ತಾರೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಂತ ಮೂರು ಅಭಯಾರಣ್ಯ, ಜೊತೆಗೆ ನಾಗರಹೊಳೆ. ನಮ್ಮ ಜಿಲ್ಲೆಯ ಎಷ್ಟು ಊರು ಇದರೊಳಗೆ ಬರುತ್ತವೆ, ನೀವೇ ಲೆಕ್ಕ ಹಾಕಿ.

ಎಲ್ಲಿ ಹೊಡೆಯುತ್ತೀರಿ?

ಅಂಗಡಿಗೆ ಹೋಗುವ ಮುಂಚೆ ಇದನ್ನು ತೀರ್ಮಾನಿಸಿ. ಬಯಲು, ಕುರುಚಲಲ್ಲಿ ಹಕ್ಕಿ ಬೇಟೆಗೆ ಹೋಗುವವರು ದಿನವಿಡೀ ನಡೆಯುತ್ತಾರೆ, ಹೊಡೆಯುವುದು ನಾಲ್ಕಾರು ಸಲ. ಅವರಿಗೆ 2.7ರಿಂದ 3.2 ಕಿಲೋ ತೂಕದ ಹಗುರ ಕೋವಿ ಬೇಕು. ಕ್ಲೇ ಹೊಡೆಯುವವರದು ಇದರ ಉಲ್ಟಾ. ನಿಂತಲ್ಲೇ ನಿಂತು ತೋಟಾ (ಕಾರ್ಟ್ರಿಡ್ಜ್) ಮೇಲೆ ತೋಟಾ ಹಾರಿಸುತ್ತಾರೆ. ಅವರಿಗೆ ಮೂರೂವರೆ ಕಿಲೋ ದಾಟಿದ ಕೋವಿಯೇ ಹಿತ. ತೂಕ ಇದ್ದಷ್ಟೂ ಹಿಂದಕ್ಕೆ ಒದೆಯುವುದು ಕಡಿಮೆ. ಕೋವಿ ತಯಾರಕರಲ್ಲಿ ಒಂದು ಹಳೇ ಲೆಕ್ಕ ಇದೆ: ತೋಟಾದಲ್ಲಿರುವ ಚರೆಯ, ಅಂದರೆ ಸಣ್ಣ ಕಾಳುಗಳ, ತೂಕದ 96 ಪಟ್ಟು ಕೋವಿಯ ತೂಕ ಇರಬೇಕು. 28 ಗ್ರಾಂ ಚರೆಗೆ ಸುಮಾರು 2.7 ಕಿಲೋ. 36 ಗ್ರಾಂ ಚರೆಗೆ ಸುಮಾರು 3.5 ಕಿಲೋ. ಹಗುರ ಕೋವಿ ತಂದು ಅದಕ್ಕೆ ಜಾಸ್ತಿ ಮದ್ದಿನ, ಜಾಸ್ತಿ ಚರೆಯ ತೋಟಾ ತುಂಬುವವರ ಭುಜ ಸಂಜೆಗೆ ನೀಲಿಗಟ್ಟುವುದು ಇದಕ್ಕೇ.

ಬೋರ್ ಯಾವುದು?

12 ಬೋರ್ ತೆಗೆದುಕೊಳ್ಳಿ. ತೋಟಾ ಸುಲಭವಾಗಿ ಸಿಗುತ್ತದೆ, ಹಗುರವಾದದ್ದರಿಂದ ಭಾರದ್ದರವರೆಗೆ ಆಯ್ಕೆ ಇದೆ. ಸಣ್ಣ ಮೈಕಟ್ಟಿನವರಿಗೆ 20 ಬೋರ್ ಚೆಂದ, ಆದರೆ ನಮ್ಮಲ್ಲಿ ಅದರ ತೋಟಾ ಹುಡುಕುವುದೇ ಕೆಲಸವಾದೀತು. ಮಕ್ಕಳಿಗೆ, ಹೊಸಬರಿಗೆ ಅಂತ ಇನ್ನೂ ಸಣ್ಣ ನಳಿಕೆಯ .410 ಕೊಡಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು. ಅದರಲ್ಲಿ ಚರೆ ಕಡಿಮೆ, ಹಾರುವ ಗುರಿಗೆ ತಗುಲಿಸುವುದು ಪಳಗಿದವರಿಗೇ ಕಷ್ಟ. 12 ಬೋರಿಗೆ 24 ಗ್ರಾಂ ತೋಟಾ ಹಾಕಿ ಕಲಿಸುವುದು ಎಷ್ಟೋ ವಾಸಿ.

ಒಂಟಿ ನಳಿಕೆಯೋ, ಜೋಡಿಯೋ?

ಒಂಟಿ ನಳಿಕೆ ಅಗ್ಗ, ಗಟ್ಟಿಮುಟ್ಟು. ಹಬ್ಬಕ್ಕೆ ಒಂದು ಗುಂಡು ಹಾರಿಸಲು ಅಷ್ಟೇ ಸಾಕು. ಹಾರುವ ಗುರಿಗಾದರೆ ಜೋಡಿ ನಳಿಕೆಯೇ ಸರಿ. ಪಕ್ಕಪಕ್ಕದ ನಳಿಕೆಯಾಗಲಿ, ಮೇಲೆ ಕೆಳಗಿನ ನಳಿಕೆಯಾಗಲಿ, ಮಡಚಿ ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ಮೊದಲ ಕೋವಿಗೆ ಈ ಒಂದು ಕಾರಣವೇ ಸಾಕು ಅನ್ನುತ್ತೇನೆ. ಪಂಪ್ ಆ್ಯಕ್ಷನ್ ಕೋವಿ ಕೆಟ್ಟದ್ದಲ್ಲ, ಆದರೆ ಅದರ ಹೊಟ್ಟೆಯಲ್ಲಿ ಉಳಿದ ತೋಟಾ ಹೊರಗೆ ಕಾಣುವುದಿಲ್ಲ.

ಚೋಕ್ ಅಂದರೇನು?

ನಳಿಕೆಯ ತುದಿ ಎಷ್ಟು ಬಿಗಿ ಇದೆ ಅನ್ನುವುದೇ ಚೋಕ್. ತೋಟಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಬೆರಳಲ್ಲಿ ಒತ್ತಿದ ಹಾಗೆ, ಬಿಗಿಯಾದಷ್ಟೂ ಚರೆ ಒಟ್ಟಾಗಿ ದೂರ ಹೋಗುತ್ತದೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ಸುಮಾರು 70% ಚರೆ ಹಾಕುತ್ತದೆ, ಇಂಪ್ರೂವ್ಡ್ ಸಿಲಿಂಡರ್ ಅನ್ನುವ ಸಡಿಲ ಚೋಕ್ 50%, ಚೋಕೇ ಇಲ್ಲದ ನಳಿಕೆ 40%. ಫುಲ್ ಚೋಕ್ ಅಂದರೆ ದೊಡ್ಡ ಕೋವಿ ಅನ್ನುವ ಭ್ರಮೆ ನಮ್ಮಲ್ಲಿ ಬಹಳ. ಆದರೆ ಬೇಟೆನಾಯಿ ಎಬ್ಬಿಸಿದ ಹಕ್ಕಿಗೆ ಹೊಡೆಯುವುದು ಸಾಮಾನ್ಯವಾಗಿ 20, 30 ಗಜದಲ್ಲಿ. ಅಲ್ಲಿ ಫುಲ್ ಚೋಕ್ ಇದ್ದರೆ ಒಂದೋ ತಪ್ಪುತ್ತದೆ, ಇಲ್ಲವೇ ಹಕ್ಕಿ ತಿನ್ನಲು ಬಾರದಷ್ಟು ಚಿಂದಿಯಾಗುತ್ತದೆ. ಹತ್ತಿರದ ಕ್ಲೇಗೂ ಸಡಿಲ ಚೋಕೇ ಸರಿ. ದೂರದಲ್ಲಿ ಅಲುಗಾಡದೆ ನಿಂತ ತೆಂಗಿನಕಾಯಿಗೆ ಚರೆ ಹೊಡೆಯುವುದಾದರೆ ಮಾತ್ರ ಬಿಗಿ ಚೋಕ್ ಉಪಯೋಗ. ಹಳೇ ಜೋಡಿ ನಳಿಕೆಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ. ಮುಂದಿನ ಟ್ರಿಗರ್ ಬಲಗಡೆಯದಕ್ಕೆ. ಒಂದೇ ಕೋವಿಯಲ್ಲಿ ಎರಡೂ ಸಿಕ್ಕಿತಲ್ಲ!

ಚರೆಯ ನಂಬರ್ ಜಾಸ್ತಿಯಾದಷ್ಟೂ ಕಾಳು ಸಣ್ಣ. ಅಮೆರಿಕದಲ್ಲಿ ಲಾವಕ್ಕಿಯಂಥ ಸಣ್ಣ ಹಕ್ಕಿಗೆ ಏಳೂವರೆ ಅಥವಾ 8, ಫೆಸಂಟ್‌ಗೆ 5 ಅಥವಾ 6 ಬಳಸುತ್ತಾರೆ. ಬ್ರಿಟಿಷರ 6 ಅಮೆರಿಕದ 6ಕ್ಕಿಂತ ಸ್ವಲ್ಪ ಸಣ್ಣದು.

ಭುಜಕ್ಕೆ ಕೂರುತ್ತದೆಯೇ?

ರೈಫಲ್‌ನಲ್ಲಿ ಗುರಿ ಹಿಡಿಯುತ್ತೇವೆ. ಚರೆ ಕೋವಿಯಲ್ಲಿ ಕಣ್ಣು ಗುರಿಯ ಮೇಲೆ, ಕೋವಿ ಕಣ್ಣು ನೋಡಿದ ಕಡೆ ತಾನಾಗಿ ಬರಬೇಕು. ಹಾಗಾಗಿ ಹೆಸರು, ಕೆತ್ತನೆ, ಬೆಲೆ ಎಲ್ಲಕ್ಕಿಂತ ಅಳತೆ ಮುಖ್ಯ.

ಮೊದಲು ನಿಮ್ಮ ಬಲವಾದ ಕಣ್ಣು ಯಾವುದು ತಿಳಿದುಕೊಳ್ಳಿ. ಎರಡೂ ಕಣ್ಣು ತೆರೆದು ದೂರದ ಸಿಲ್ವರ್ ಓಕ್ ಮರಕ್ಕೆ ಬೆರಳು ತೋರಿಸಿ. ಎಡಗಣ್ಣು ಮುಚ್ಚಿ. ಬೆರಳು ಮರದ ಮೇಲೇ ಇದ್ದರೆ ಬಲಗಣ್ಣು ಬಲವಾದದ್ದು. ಪಕ್ಕಕ್ಕೆ ಜಿಗಿದರೆ ಎಡಗಣ್ಣು. ಬಲಗೈಯವರಾಗಿದ್ದೂ ಎಡಗಣ್ಣು ಬಲವಾಗಿದ್ದರೆ ಎಡಭುಜದಲ್ಲಿ ಕಲಿಯುವುದೇ ಒಳ್ಳೆಯದು. ಹೊಸಬರಿಗೆ ಇದು ಅಷ್ಟೇನೂ ಕಷ್ಟವಲ್ಲ.

ಆಮೇಲೆ ಅಂಗಡಿಯಲ್ಲಿ ಕೋವಿ ಮಡಚಿ, ಖಾಲಿ ಇದೆ ಅಂತ ನೋಡಿ, ಖಾಲಿ ಗೋಡೆಯ ಒಂದು ಮೂಲೆಯತ್ತ ನಿಲ್ಲಿ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ಏರಿಸಿ. ಕಣ್ಣು ತೆರೆಯಿರಿ. ತುದಿಯ ಮಣಿ ನಡುವಲ್ಲಿ ಕಂಡು, ನಳಿಕೆ ಚಪ್ಪಟೆಯಾಗಿ ಕಂಡರೆ ಸರಿ. ಕೆನ್ನೆ ತೀರಾ ತಗ್ಗಿ ಕೋವಿಯ ಹಿಂಭಾಗ ಮಾತ್ರ ಕಂಡರೆ ಹಿಡಿ ತಗ್ಗಾಯಿತು. ನಳಿಕೆಯ ಮೇಲ್ಮೈ ಉದ್ದಕ್ಕೂ ಕಂಡರೆ ಎತ್ತರವಾಯಿತು. ಹೆಬ್ಬೆರಳಿಗೂ ಮೂಗಿಗೂ ಎರಡು ಮೂರು ಬೆರಳು ಅಂತರ ಇರಲಿ. ಕೋವಿಯ ಹಿಂಬದಿಯನ್ನು ಮೊಣಕೈ ಮಡಿಕೆಗೆ ಇಟ್ಟು 'ಸರಿಯಾಗಿದೆ ಸಾರ್' ಅನ್ನುವ ಅಂಗಡಿಯವರ ಪರೀಕ್ಷೆ ನಂಬಬೇಡಿ. ಕತ್ತಿನ ಉದ್ದ, ಎದೆಯ ಅಗಲ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಿಡಿಯ ಉದ್ದ ಜಾಸ್ತಿಯಾದರೆ ಒಳ್ಳೇ ಬಡಗಿಯ ಕೈಯಲ್ಲಿ ಕಡಿಮೆ ಮಾಡಿಸಬಹುದು. ಹೆಂಗಸರಿಗೆ ಅಜ್ಜನ ಕೋವಿ ಕೊಡುವಾಗ ಇದನ್ನು ಮಾಡಿಸಲೇಬೇಕು. ಯಾರೂ ಮಾಡಿಸುವುದಿಲ್ಲ, ಆಮೇಲೆ 'ಅವಳಿಗೆ ಆಗಲ್ಲ' ಅನ್ನುತ್ತಾರೆ.

ಹಳೇ ಕೋವಿ ಕೊಳ್ಳುವಾಗ

ಖಾಸಗಿಯವರು ಹೊರದೇಶದ ಕೋವಿ ತರಿಸಿಕೊಳ್ಳುವುದಕ್ಕೆ 1980ರ ದಶಕದಿಂದ ತಡೆ ಇದೆ. ಹಾಗಾಗಿ ಹಳೇ ವೆಬ್ಲಿ ಸ್ಕಾಟ್‌ನಂಥ ಇಂಗ್ಲಿಷ್ ಕೋವಿಗಳಿಗೆ ಇಲ್ಲಿ ವಿಪರೀತ ಬೆಲೆ. ಹೆಸರಿಗೆ ಮರುಳಾಗಬೇಡಿ. ನಳಿಕೆ ಕಳಚಿ ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ, ತಗ್ಗು ನೋಡಿ. ಮತ್ತೆ ಜೋಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಕೀಲು ಸಡಿಲ. ತೋಟಾ ಕೂರುವ ಗೂಡಿನ ಉದ್ದ ಅಳೆಸಿ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನವು, ಅಂದರೆ ಸುಮಾರು 64 ಮಿಲಿಮೀಟರ್. ಈಗಿನ 70 ಮಿಲಿಮೀಟರ್ ತೋಟಾವನ್ನು ಅದರಲ್ಲಿ ಹಾರಿಸಬಾರದು. ನಳಿಕೆಯ ಮೇಲೆ ಅಲೆ ಅಲೆಯ ವಿನ್ಯಾಸ ಇದ್ದರೆ ಅದು ಡಮಾಸ್ಕಸ್, ಲೋಹದ ಪಟ್ಟಿ ಸುತ್ತಿ ಬೆಸೆದ ಹಳೇ ಕಾಲದ ನಳಿಕೆ. ಪೂಜೆಗೆ ಇಡಿ, ಹೊಸ ತೋಟಾ ಹಾಕಬೇಡಿ.

ಮನೆಗೆ ತಂದ ಮೇಲೆ

ಮೊದಲು ರೇಂಜ್‌ನಲ್ಲಿ ದೊಡ್ಡ ಕಾಗದ ಕಟ್ಟಿ ಎರಡೂ ನಳಿಕೆಯಿಂದ ಹೊಡೆದು ಚರೆ ಎಲ್ಲಿ ಬಿತ್ತು ನೋಡಿ. ತೋಟಾದ ಡಬ್ಬಿ ಬದಲಾದರೆ ಚರೆ ಹರಡುವುದೂ ಬದಲಾಗುತ್ತದೆ, ಬೇರೆ ಬೇರೆ ಹಾಕಿ ಪರೀಕ್ಷಿಸಿ. 6ನೇ ನಂಬರ್ ಚರೆ 200 ಮೀಟರ್ ದೂರದವರೆಗೂ ಹೋಗಬಲ್ಲದು, ತೋಟದ ಆಚೆ ಕಾಫಿ ಕೊಯ್ಯುವವರಿದ್ದಾರೆ ಅನ್ನುವುದು ನೆನಪಿರಲಿ.

ಕೋವಿ ಮತ್ತು ತೋಟಾ ಬೇರೆ ಬೇರೆ ಕಡೆ, ಬೀಗ ಹಾಕಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಇಡಲೇಬೇಡಿ. ಚರ್ಮ ತೇವ ಹೀರಿಕೊಂಡು ನಳಿಕೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಸವರಿ, ಕಬ್ಬಿಣದ ಬೀರುವಿನಲ್ಲಿ ನಳಿಕೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ.