ಕೆಣಕುವ ಸಿನಿಮಾದ ಬಗ್ಗೆ ನಾವು ಜಗಳಾಡುವ ಬಗೆ

ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ ನಮ್ಮ ಬಳಗದಲ್ಲಿ ಮೊದಲ ಸುತ್ತಿಗೆ ಒಂದೇ ಕಟ್ಟಳೆ: ಏನು ಕಂಡಿತು, ಏನು ಕೇಳಿಸಿತು, ಅಷ್ಟನ್ನೇ ಹೇಳಬೇಕು. ಚಲೋ ಇತ್ತು, ಹೊಲಸು ಇತ್ತು, ಎಂಥ ಧೈರ್ಯ, ಎಂಥ ಅಶ್ಲೀಲ, ಇವೆಲ್ಲ ಎರಡನೆಯ ಸುತ್ತಿಗೆ. ಧಾರವಾಡದ ಸಪ್ತಾಪುರದಲ್ಲಿ ಗೆಳೆಯರೊಬ್ಬರ ಮನೆಯ ಮೇಲಿನ ಖೋಲಿಯಲ್ಲಿ ನಾವೊಂದಿಷ್ಟು ಮಂದಿ ವರ್ಷಗಳಿಂದ ಸಿನಿಮಾ ನೋಡುತ್ತ ಬಂದಿದ್ದೇವೆ. ಅದರಲ್ಲೂ ನೋಡುಗರನ್ನು ಕೆಣಕಲೆಂದೇ ಮಾಡಿದ ಸಿನಿಮಾ. ಚರ್ಚೆ ನಡೆಸುವ ಹೊಣೆ ನನ್ನದು, ಕಟ್ಟಳೆ ಹಾಕಿದವನೂ ನಾನೇ. ಅದಿಲ್ಲದಿದ್ದಾಗ ಪ್ರತಿ ಜಗಳವೂ ಎರಡೇ ಮಾತಿಗೆ ಬಂದು ನಿಲ್ಲುತ್ತಿತ್ತು. ಒಂದು ಕಡೆಯಿಂದ "ಇಂಥಾದ್ದನ್ನ ಮಂದಿಗೆ ತೋರಿಸ್ತಾರೇನ್ರೀ?" ಇನ್ನೊಂದು ಕಡೆಯಿಂದ "ನಿಮಗ ಕಲಾ ತಿಳಿಯೂದಿಲ್ಲ ಬಿಡ್ರಿ." ಸಿನಿಮಾದ ಒಂದು ಶಾಟನ್ನೂ ನೆನೆಯದೆ ಎರಡೂ ಕಡೆಯವರು ಚಪ್ಪಲಿ ಮೆಟ್ಟುತ್ತಿದ್ದರು.

ಬರುವವರಲ್ಲಿ ಯೂನಿವರ್ಸಿಟಿಯ ಹುಡುಗ ಹುಡುಗಿಯರಿದ್ದಾರೆ, ಒಬ್ಬರು ವಕೀಲರು, ಒಬ್ಬ ನರ್ಸ್, ಮಾಳಮಡ್ಡಿಯ ನಿವೃತ್ತ ಮಾಸ್ತರರು, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವ ನಾಲ್ಕಾರು ಮಂದಿ. ರಾತ್ರಿಯ ಕೊನೆಯ ಚಿಗರಿ ಯಾವಾಗ ಹೊರಡುತ್ತದೆ ಎಂಬುದರ ಮೇಲೆ ನಮ್ಮ ಚರ್ಚೆಯ ಉದ್ದ ನಿಂತಿದೆ.

ಹೊಸಬರು ಬಂದಾಗ ನಾನು ಮೊದಲು ಹಾಕುವುದು 1929ರ 'ಆ್ಯನ್ ಆಂಡಲೂಸಿಯನ್ ಡಾಗ್'. ಲೂಯಿ ಬುನ್ಯುಯೆಲ್ ಮತ್ತು ಸಾಲ್ವಡೋರ್ ಡಾಲಿ ಸೇರಿ ಮಾಡಿದ ಪುಟ್ಟ ಮೂಕಿ ಚಿತ್ರ. ಶುರುವಾದ ಸ್ವಲ್ಪ ಹೊತ್ತಿಗೇ ಒಬ್ಬ ಕ್ಷೌರದ ಕತ್ತಿಯಿಂದ ಹೆಂಗಸಿನ ಕಣ್ಣು ಸೀಳುತ್ತಾನೆ. ಅರ್ಧ ಮಂದಿ ಮುಖ ತಿರುಗಿಸುತ್ತಾರೆ. ಆಮೇಲೆ ನಾನು ಕೇಳುವುದಿಷ್ಟೇ: ಯಾವುದರ ಹಿಂದೆ ಯಾವುದು ಬಂತು? ಕತ್ತಿ ಮಸೆಯುವ ಗಂಡಸು, ಆಕಾಶದಲ್ಲಿ ಚಂದ್ರ, ಚಂದ್ರನನ್ನು ಅಡ್ಡ ಹಾಯುವ ತೆಳ್ಳನೆಯ ಮೋಡ, ಆಮೇಲೆ ತೀರ ಹತ್ತಿರದಿಂದ ಒಂದು ಕಣ್ಣು. ಆ ಕಣ್ಣು ಸತ್ತ ಕರುವಿನದು. ಮತ್ತೊಮ್ಮೆ ಹಾಕಿ ತೋರಿಸಿದರೂ ಹೆಂಗಸಿನ ಕಣ್ಣನ್ನೇ ಕಂಡೆ ಎನ್ನುವವರು ಇರುತ್ತಾರೆ. ಒಬ್ಬ ಹುಡುಗ ಕೇಳಿದ: "ಹಂಗಾರ ನಾ ಹೆದರಿದ್ದು ಯಾವುದಕ್ಕ ಸರ?" ನಮ್ಮ ಚರ್ಚೆ ನಿಜವಾಗಿ ಶುರುವಾಗುವುದು ಆ ಪ್ರಶ್ನೆಯಿಂದಲೇ. ತೋರಿಸಿದ್ದು ಯಾವುದು, ಕತ್ತರಿಸಿ ಜೋಡಿಸಿದ್ದು ಯಾವುದು, ನಮ್ಮ ತಲೆಯೇ ತುಂಬಿಕೊಂಡದ್ದು ಯಾವುದು ಎಂದು ಬಿಡಿಸಿ ನೋಡದ ಹೊರತು ಇಂಥ ಸಿನಿಮಾದ ಒಳಿತು ಕೆಡುಕು ತೂಗಲು ಬರುವುದಿಲ್ಲ.

ಆದ್ದರಿಂದ ನೋಡುವಾಗ ನನ್ನ ತೊಡೆಯ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಖೋಲಿಯಲ್ಲಿ ಯಾರಾದರೂ ಮಿಸುಕಿದರೆ, ಉಸಿರು ಬಿಗಿಹಿಡಿದರೆ, ಎದ್ದು ಹೋದರೆ, ಸಿನಿಮಾ ಎಷ್ಟನೆಯ ನಿಮಿಷದಲ್ಲಿದೆ ಎಂದು ಬರೆದುಕೊಳ್ಳುತ್ತೇನೆ. ಎರಡನೆಯ ಸುತ್ತಿನಲ್ಲಿ ವಾದ ಗಂಟು ಬಿದ್ದ ಕೂಡಲೇ ಆ ಜಾಗಕ್ಕೆ ಹೋಗಿ ಮತ್ತೆ ಹಾಕುತ್ತೇನೆ. ಮೊದಲ ಸಲ ಹಾಗೇ, ಎರಡನೆಯ ಸಲ ಸದ್ದು ತೆಗೆದು. ಸದ್ದು ತೆಗೆದಾಗ ಎಷ್ಟೋ ಭೀಕರ ದೃಶ್ಯಗಳು ಸಪ್ಪಗಾಗುತ್ತವೆ. ಕೆಲವು ಇನ್ನೂ ಭೀಕರವಾಗುತ್ತವೆ. ಎರಡನೆಯ ಬಗೆಯವನ್ನೇ ನಾನು ಹೆಚ್ಚು ನಂಬುತ್ತೇನೆ.

ಮೈಕಲ್ ಹನೇಕೆಯ 1997ರ 'ಫನ್ನಿ ಗೇಮ್ಸ್' ಹಾಕಿದ ರಾತ್ರಿ ಈ ಪದ್ಧತಿ ಹೆಚ್ಚು ಕೆಲಸಕ್ಕೆ ಬಂತು. ರಜೆಗೆ ಬಂದ ಕುಟುಂಬವೊಂದನ್ನು ಇಬ್ಬರು ಸಭ್ಯ ಹುಡುಗರು ಕಾರಣವಿಲ್ಲದೆ ಹಿಂಸಿಸಿ ಕೊಲ್ಲುವ ಕಥೆ. "ರಕ್ತ ನೋಡಿ ನೋಡಿ ತಲಿ ಕೆಟ್ಟತು" ಎಂದರು ಹುಬ್ಬಳ್ಳಿಯ ಒಬ್ಬರು. ಎಲ್ಲಿ ನೋಡಿದಿರಿ, ತೋರಿಸಿ ಅಂದೆ. ಹುಡುಕಿದೆವು. ಮಗುವಿಗೆ ಗುಂಡು ಬೀಳುವಾಗ ಕ್ಯಾಮೆರಾ ಅಡುಗೆಮನೆಯಲ್ಲಿದೆ, ಕೊಲೆಗಾರರಲ್ಲೊಬ್ಬ ತಿನ್ನಲು ಏನೋ ಮಾಡಿಕೊಳ್ಳುತ್ತಿದ್ದಾನೆ. ಸದ್ದಷ್ಟೇ ಬರುತ್ತದೆ. ಆಮೇಲೆ ರಕ್ತ ಸಿಡಿದ ಟೀವಿಯಲ್ಲಿ ಕಾರ್ ರೇಸ್ ಓಡುತ್ತಿದೆ, ಅದೇ ಕೋಣೆಯಲ್ಲಿ ತಾಯಿ ತಂದೆ. ಹತ್ತು ನಿಮಿಷದ ಹತ್ತಿರ ಒಂದೇ ಶಾಟ್. ಸಾಮಾನ್ಯ ಥ್ರಿಲ್ಲರ್ ಕೊಲೆಯನ್ನು ತೋರಿಸಿ ದುಃಖವನ್ನು ಕತ್ತರಿಸಿಬಿಡುತ್ತದೆ. ಹನೇಕೆ ಕೊಲೆಯನ್ನು ಕತ್ತರಿಸಿ ದುಃಖವನ್ನು ಉಳಿಸಿಕೊಂಡ.

ಆದರೆ ಜಗಳ ಅಲ್ಲಿಗೆ ಮುಗಿಯಲಿಲ್ಲ, ಮುಗಿಯಬಾರದು ಕೂಡ. ತಾಯಿ ಬಂದೂಕು ಕಸಿದು ಕೊಲೆಗಾರನೊಬ್ಬನನ್ನು ಹೊಡೆಯುತ್ತಾಳೆ. ನಮ್ಮ ಖೋಲಿಯಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಕೂಡಲೇ ಚಿತ್ರದೊಳಗಿನ ಇನ್ನೊಬ್ಬ ಕೊಲೆಗಾರ ರಿಮೋಟ್ ಹುಡುಕಿ ಸಿನಿಮಾವನ್ನೇ ಹಿಂದಕ್ಕೆ ಓಡಿಸಿ ಅದನ್ನು ಆಗಗೊಡುವುದಿಲ್ಲ. ವಕೀಲರು ಸಿಟ್ಟಿಗೆದ್ದರು: "ಇದು ಮೋಸ ಆತಲ್ಲರೀ. ನಮ್ಮನ್ನ ಕರದು ಕುಂದ್ರಿಸಿ ನಮಗ ಬಯ್ಯೂದೇನು? ನಾ ಚಪ್ಪಾಳಿ ಹೊಡದದ್ದು ಆ ತಾಯಿ ಸಲುವಾಗಿ." ಅವರ ಮಾತಿನಲ್ಲಿ ಹುರುಳಿದೆ. ಹಿಂಸೆಯಿಂದ ಖುಷಿಪಡುವ ಪ್ರೇಕ್ಷಕ ಮತ್ತು ನ್ಯಾಯ ಬಯಸುವ ಪ್ರೇಕ್ಷಕ ಇಬ್ಬರನ್ನೂ ಹನೇಕೆ ಒಂದೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಆ ಚಿತ್ರವನ್ನು ನಾನು ಮೆಚ್ಚುತ್ತೇನೆ, ಆದರೆ ವಕೀಲರ ತಕರಾರಿಗೆ ಚಿತ್ರದೊಳಗೆ ಉತ್ತರ ಸಿಕ್ಕಿಲ್ಲ.

ಇದೆಲ್ಲ ಹೊರಗಿನವರ ಚಟ, ನಮ್ಮ ಊರಿಗೆ ಒಗ್ಗದು ಎನ್ನುವವರಿಗೆ ನಾನು ಎರಡು ಸಂಗತಿ ನೆನಪಿಸುತ್ತೇನೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ. ಜಗತ್ತಿನ ದೊಡ್ಡ ಚಿತ್ರಗಳನ್ನು ರೈತಾಪಿ ಜನ ಕೂತು ನೋಡಿದರು. ಎರಡನೆಯದು 'ಸಂಸ್ಕಾರ'. 1970ರ ಆ ಚಿತ್ರಕ್ಕೆ ಸೆನ್ಸಾರ್ ಮೊದಲು ಅಡ್ಡ ನಿಂತಿತು, ಆಮೇಲೆ ಬಿಡುಗಡೆಯಾಗಿ ಅದೇ ಚಿತ್ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರು ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅದೇ 1970ರಲ್ಲಿ, ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಸೆನ್ಸಾರನ್ನು ಪ್ರಶ್ನಿಸಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆನ್ಸಾರನ್ನು ಎತ್ತಿಹಿಡಿದರೂ, ವಿಷಯ ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದನ್ನು ನೋಡಬೇಕು ಎಂದಿತು. ಇದನ್ನು ನಮ್ಮ ವಕೀಲರೇ ಒಂದು ಸಲ ಓದಿ ಹೇಳಿದರು. ನನ್ನ ಮೊದಲ ಸುತ್ತಿನ ಕಟ್ಟಳೆಗೆ ಇದಕ್ಕಿಂತ ಗಟ್ಟಿ ಬೆಂಬಲ ಬೇಕಿರಲಿಲ್ಲ.

'ಘಟಶ್ರಾದ್ಧ' ಹಾಕಿದಾಗ ಹುಡುಗರು ನಿರಾಶರಾದರು. ಕಾಸರವಳ್ಳಿಯವರ 1977ರ ಚಿತ್ರ, ಕಪ್ಪು ಬಿಳುಪು. ವೇದಪಾಠಶಾಲೆಯ ಪುಟ್ಟ ಹುಡುಗ ನಾಣಿ, ಬಸಿರಾದ ವಿಧವೆ ಯಮುನಕ್ಕ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕಡಿದುಕೊಳ್ಳುವ ತಂದೆ. "ಇದರಾಗ ಕೆಣಕೂದು ಏನೈತ್ರೀ, ಭಾಳ ನಿಧಾನ ಐತಿ" ಎಂದ ಒಬ್ಬ. ಆಗ ಮಾಳಮಡ್ಡಿಯ ಮಾಸ್ತರರು, ಯಾವತ್ತೂ ಕಡೆಗೆ ಮಾತಾಡುವವರು, ಮೊದಲು ಬಾಯಿ ತೆರೆದರು. "ನಮ್ಮ ದೊಡ್ಡಜ್ಜಿ ಮಡಿ ಹೆಂಗಸು. ತಲಿ ಬೋಳಿಸಿಕೊಂಡು ಹಿತ್ತಲ ಖೋಲ್ಯಾಗ ಇರತಿದ್ಲು. ಆಕಿ ಹೆಸರು ಏನಂತ ನಾ ಒಮ್ಮೆನೂ ಕೇಳ್ಲಿಲ್ಲ." ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ, ನಾಣಿಯನ್ನು ಕರೆದೊಯ್ಯುತ್ತಿದ್ದಾರೆ, ಅವನು ತಿರುಗಿ ನೋಡುತ್ತಾನೆ. ಮಾಸ್ತರರು ಆ ಶಾಟನ್ನು ಮತ್ತೆ ಹಾಕಿಸಿದರು. ರಕ್ತದ ಅಳತೆಯಿಂದ ಪ್ರಚೋದನೆಯನ್ನು ಅಳೆಯುತ್ತಿದ್ದ ಹುಡುಗರು ಅವರ ಮುಖ ನೋಡುತ್ತ ಕೂತರು. ಯಾವ ಚಿತ್ರ ಯಾರನ್ನು ಕೆಣಕುತ್ತದೆ ಎಂಬುದು ಅವರವರ ಮನೆಯ ಹಿತ್ತಿಲಲ್ಲಿ ಏನಿದೆ ಎಂಬುದರ ಮೇಲಿದೆ. ಈ ಚಿತ್ರ ಈಗ 4ಕೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿದೆ; ಅವಕಾಶ ಸಿಕ್ಕವರು ದೊಡ್ಡ ಪರದೆಯ ಮೇಲೆ ನೋಡಲೇಬೇಕು.

ಶಾಂತಲ್ ಅಕರ್‌ಮನ್ ಅವರ 1975ರ 'ಜಾನ್ ಡೀಲ್‌ಮನ್' 201 ನಿಮಿಷ. ಒಬ್ಬ ವಿಧವೆಯ ಮೂರು ದಿನಗಳ ಅಡುಗೆ, ಮನೆಗೆಲಸವನ್ನು ನಿಧಾನವಾಗಿ ತೋರಿಸುತ್ತ ಕೊನೆಗೆ ಒಂದು ಕೊಲೆಗೆ ಬಂದು ನಿಲ್ಲುತ್ತದೆ. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಸಾರ್ವಕಾಲಿಕ ಮೊದಲ ಸ್ಥಾನ ಪಡೆದ ಚಿತ್ರ. ನಮ್ಮಲ್ಲಿ ಗಂಡಸರು ಆಕಳಿಸಿದರು. ಒಬ್ಬ ಗೃಹಿಣಿ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಿದ್ದರು. "ಎರಡನೇ ದಿನ ಬಟಾಟಿ ಹೆಚ್ಚಿಗಿ ಬೆಂದ್ವು ನೋಡ್ರಿ, ಅವಾಗ ನನ್ನ ಎದಿ ಧಸಕ್ ಅಂತು. ಆಕೀಗೆ ಏನೋ ಆಗ್ಯದ ಅಂತ ಗೊತ್ತಾತು." ಕೊನೆಯ ಕೊಲೆ ಅವರಿಗೆ ಹಠಾತ್ತನೆ ಬಂದಂತೆ ಅನ್ನಿಸಲೇ ಇಲ್ಲ. ನಾನು ಓದಿದ ಯಾವ ವಿಮರ್ಶೆಗಿಂತಲೂ ಅವರ ಮಾತು ಚಿತ್ರದ ಹತ್ತಿರ ಇತ್ತು.

ಬಾಗಿಲ ಬಳಿ ಯಾವಾಗಲೂ ಕೆಲವು ಕುರ್ಚಿ ಖಾಲಿ ಇಡುತ್ತೇವೆ. ಚಿತ್ರದಲ್ಲಿ ಏನಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹೇಳಿದರೆ ಪೆಟ್ಟು ಸಡಿಲಾಗುತ್ತದೆ ಎಂದು ಹುಡುಗರು ವಾದಿಸುತ್ತಾರೆ. ಹೇಳಿದ ಮಾತ್ರಕ್ಕೆ ಸತ್ತುಹೋಗುವ ಚಿತ್ರ ನಮ್ಮ ಖೋಲಿಗೆ ಬೇಡ. ಎದ್ದು ಹೋದವರು ಹೊರಗೆ ಚಹಾ ಕುಡಿಯುತ್ತ ಇರುತ್ತಾರೆ, ಗಿರ್ಮಿಟ್ಟಿನ ಹೊತ್ತಿಗೆ ಒಳಗೆ ಬರುತ್ತಾರೆ, ಎರಡನೆಯ ಸುತ್ತಿನಲ್ಲಿ ಮೊದಲ ಮಾತು ಅವರದು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದದ್ದು ಇದೇ ಊರಿನಲ್ಲಿ. ಒಪ್ಪದವನು ಕೋಣೆಯೊಳಗೇ ಕೂತು, ಗಂಟಲು ಹರಿಯುವಂತೆ ಒದರಿ, ಮುಂದಿನ ತಿಂಗಳು ಮತ್ತೆ ಬರುವಂತಿರಬೇಕು.

ಈಗ ನಡೆದಿರುವ ಜಗಳ ಗಾಸ್ಪರ್ ನೊಯೆಯ 2002ರ 'ಇರ್‌ರಿವರ್ಸಿಬಲ್' ಕುರಿತು. ಕಥೆ ಹಿಂದುಮುಂದಾಗಿ ಸಾಗುತ್ತದೆ, ಸೇಡು ಮೊದಲು, ಅದರ ಕಾರಣ ಆಮೇಲೆ. ನಡುವೆ ಸುರಂಗದಾರಿಯಲ್ಲಿ ಒಂದು ಅತ್ಯಾಚಾರ. ಅಲ್ಲಿಯವರೆಗೆ ಹುಚ್ಚೆದ್ದು ತಿರುಗುತ್ತಿದ್ದ ಕ್ಯಾಮೆರಾ ನೆಲಕ್ಕಂಟಿ ಒಂಬತ್ತು ನಿಮಿಷದಷ್ಟು ಹೊತ್ತು ಅಲ್ಲಾಡುವುದಿಲ್ಲ. ಹಿಂದೆ ದೂರದಲ್ಲಿ ಒಬ್ಬ ಬರುತ್ತಾನೆ, ನೋಡುತ್ತಾನೆ, ಹೊರಟುಹೋಗುತ್ತಾನೆ. ಕಾನೂನು ಓದುವ ಹುಡುಗಿಯೊಬ್ಬಳು ಚಿತ್ರವನ್ನು ಹಾಕಲೇಬೇಕು ಎನ್ನುತ್ತಾಳೆ: "ಆ ಹೊಳ್ಳಿ ಹೋದಾಂವ ನಾವ ಸರ. ಕತ್ತರಿಸಿ ತೋರಿಸಿದ್ರ ಅದು ಚಂದ ಆಗ್ತಿತ್ತು, ಆ ಮನಶ್ಯಾ ಹಂಗ ಮಾಡ್ಲಿಲ್ಲ." ನಮ್ಮ ನರ್ಸ್ ಬೇಡ ಎನ್ನುತ್ತಾರೆ: "ಅಂಥಾ ಹುಡಿಗ್ಯಾರನ್ನ ನಾ ದವಾಖಾನ್ಯಾಗ ನೋಡೀನವ್ವಾ. ಒಂಬತ್ತು ನಿಮಿಷ ಕುಂತು ನೋಡಿದ್ರ ನನಗ ಹೊಸಾದು ಏನ್ ತಿಳೀತದ?"

ನಾನು ಚಿತ್ರವನ್ನು ಮನೆಯಲ್ಲಿ ನೋಡಿದ್ದೇನೆ. ಅಲ್ಲಾಡದ ಕ್ಯಾಮೆರಾ ಪ್ರಾಮಾಣಿಕವಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಮೊದಲರ್ಧದ ತಲೆ ತಿರುಗಿಸುವ ಆಟವೆಲ್ಲ ನಿರ್ದೇಶಕನ ಜಂಬ ಅನ್ನಿಸಿದೆ, ಅದರ ಪಕ್ಕದಲ್ಲಿ ಈ ಒಂಬತ್ತು ನಿಮಿಷವನ್ನು ಪೂರ್ತಿ ನಂಬಲು ಮನಸ್ಸಾಗುತ್ತಿಲ್ಲ. ಹಾಕಬೇಕೋ ಬೇಡವೋ ಎಂಬುದನ್ನು ಬಳಗದ ಹೆಣ್ಣುಮಕ್ಕಳೇ ತೀರ್ಮಾನಿಸಲಿ ಎಂದು ಬಿಟ್ಟಿದ್ದೇನೆ. ಮುಂದಿನ ಸಲ ಸಿನಿಮಾ ಇರುವುದಿಲ್ಲ. ಅವರಿಬ್ಬರ ಮಾತನ್ನಷ್ಟೇ ಇಟ್ಟುಕೊಂಡು ಕೂಡುವವರಿದ್ದೇವೆ, ಹುಬ್ಬಳ್ಳಿಯವರಿಗೆ ಸ್ವಲ್ಪ ಬೇಗ ಬರಲು ಹೇಳಿದ್ದೇನೆ.