ಯೋಕ್ ಕೈಗೆ ಒಗ್ಗುವ ತನಕ

ಜಾಯ್‌ಸ್ಟಿಕ್ ಹಿಡಿದು ಸಿಮ್‌ನಲ್ಲಿ, ಅಂದರೆ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಸೆಸ್ನಾ 172 ಅನ್ನುವ ಒಂಟಿ ಎಂಜಿನ್‌ನ ಪುಟ್ಟ ವಿಮಾನ ಇಳಿಸುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಯೋಕ್ (ವಿಮಾನದ ಸ್ಟೀರಿಂಗ್‌ನಂಥ ಹಿಡಿಕೆ; ತಿರುಗಿಸಲೂಬಹುದು, ಎಳೆಯಲೂಬಹುದು) ಮತ್ತು ಥ್ರಾಟಲ್ ಕ್ವಾಡ್ರಂಟ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಲಿವರ್‌ಗಳ ಪೆಟ್ಟಿಗೆ) ತಂದು ಜೋಡಿಸಿದ ದಿನ ಅದೇ ವಿಮಾನ ನನ್ನ ಮಾತು ಕೇಳಲಿಲ್ಲ. ರನ್‌ವೇ ಎದುರಿಗೇ ಇದೆ. ವೇಗ ಸರಿಯಾಗಿದೆ. ಮೂಗು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ. ಸ್ವಲ್ಪ ಎಳೆದರೆ ಜಾಸ್ತಿ ಏರುತ್ತಿತ್ತು, ಸ್ವಲ್ಪ ಬಿಟ್ಟರೆ ಜಾಸ್ತಿ ಇಳಿಯುತ್ತಿತ್ತು. ನೆಲ ಮುಟ್ಟುವ ಹೊತ್ತಿಗೆ ಮೂರು ಸಲ ಪುಟಿಯಿತು.

ಯೋಕ್ ತುಂಬ ಚುರುಕಾಗಿದೆ ಅಂದುಕೊಂಡೆ. ಸೆನ್ಸಿಟಿವಿಟಿ ಕಡಿಮೆ ಮಾಡಿದೆ. ಸಾಲಲಿಲ್ಲ, ಡೆಡ್ ಝೋನ್, ಅಂದರೆ ಸರಿಸಿದರೂ ಏನೂ ಆಗದ ನಡುವಿನ ಜಾಗ, 8 ಪರ್ಸೆಂಟ್‌ಗೆ ಏರಿಸಿದೆ. ಆಮೇಲೆ ಕರ್ವ್, ಅಂದರೆ ಕೈ ಎಷ್ಟು ಸರಿದರೆ ವಿಮಾನಕ್ಕೆ ಎಷ್ಟು ಮುಟ್ಟಬೇಕು ಅಂತ ಹೇಳುವ ಗೆರೆ, ಇನ್ನಷ್ಟು ಬಗ್ಗಿಸಿದೆ. ಮೂರು ಸಂಜೆ ಹೀಗೇ ಹೋದವು. ಒಂದೇ ಸಲಕ್ಕೆ ನಾಲ್ಕು ಸೆಟ್ಟಿಂಗ್ ಬದಲಿಸುತ್ತಿದ್ದೆ. ಹಾಗಾಗಿ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಆ ಸೆಟ್ಟಿಂಗ್‌ಗಳನ್ನು ಇದ್ದಲ್ಲೇ ಬಿಟ್ಟು, ಮೊದಲಿಂದ ಹುಡುಕಲು ಶುರುಮಾಡಿದೆ. ಕೈ ಅಲುಗಿದ್ದು ವಿಮಾನಕ್ಕೆ ಮುಟ್ಟಬೇಕಾದರೆ ಮೇಜಿನ ಕ್ಲಾಂಪ್, ಯೋಕ್ ಒಳಗಿನ ಸೆನ್ಸರ್, ವಿಂಡೋಸ್, ಸಿಮ್ ಇಷ್ಟನ್ನೂ ದಾಟಿ ಹೋಗಬೇಕು. ಒಂದು ಸರಿಯಿದೆ ಅಂತ ಕಣ್ಣಾರೆ ಕಂಡ ಮೇಲೆಯೇ ಮುಂದಿನದಕ್ಕೆ ಕೈ ಹಾಕುವುದು ಅಂತ ತೀರ್ಮಾನಿಸಿದೆ.

ಕ್ಲಾಂಪ್ ಸಣ್ಣ ವಿಷಯ ಅನ್ನಿಸಬಹುದು. ಆದರೆ ಯೋಕ್ ಅನ್ನು ಪೂರ್ತಿ ಎಳೆದಾಗ ನನ್ನದರ ಹಿಂಭಾಗ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅಂದರೆ ಎಳೆತದ ಮೊದಲ ಸ್ವಲ್ಪ ಭಾಗ ಸುಮ್ನೆ ಮೇಜಿಗೆ ಹೋಗುತ್ತಿತ್ತು, ಆಮೇಲೆ ಯೋಕ್ ಅಲುಗುತ್ತಿತ್ತು. ಮೇಜಿನ ಅಂಚು ನುಣುಪಾಗಿತ್ತು. ನಡುವೆ ತೆಳುವಾದ ರಬ್ಬರ್ ಹಾಳೆ ಇಟ್ಟು ಬಿಗಿಮಾಡಿದೆ, ಅಲುಗಾಟ ನಿಂತಿತು. ಕುರ್ಚಿಯನ್ನೂ ಸ್ವಲ್ಪ ಎತ್ತರಿಸಿದೆ. ಭುಜ ಎತ್ತಿಕೊಂಡು ಯೋಕ್ ಹಿಡಿದರೆ ತೋಳು ಬೇಗ ಸೋಲುತ್ತದೆ, ಸೋತ ತೋಳು ನವಿರಾಗಿ ಎಳೆಯುವುದಿಲ್ಲ.

ಮುಂದೆ ವಿಂಡೋಸ್. ಸಿಮ್ ತೆರೆಯಲೇ ಇಲ್ಲ. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್‌ಗಳ ಹಳೆಯ ಕಿಟಕಿಯೊಂದು ಈಗಲೂ ಇದೆ. ರನ್ ಡಬ್ಬಿಯಲ್ಲಿ 'ಜಾಯ್ ಡಾಟ್ ಸಿಪಿಎಲ್' ಅಂತ ಇಂಗ್ಲಿಷಿನಲ್ಲಿ ಬರೆದರೆ ತೆರೆದುಕೊಳ್ಳುತ್ತದೆ. ಅದರ ಕ್ಯಾಲಿಬ್ರೇಷನ್ ಪುಟದಲ್ಲಿ ಸೆನ್ಸರ್ ಕಳಿಸುವ ಕಚ್ಚಾ ಸಂಖ್ಯೆಯನ್ನೇ ತೋರಿಸುವ ಒಂದು ಟಿಕ್ ಗುರುತು ಇದೆ. ಅದನ್ನು ಹಾಕಿ, ಒಂದೊಂದು ಲಿವರ್ ಅನ್ನೂ ನಿಧಾನವಾಗಿ ತುದಿಯಿಂದ ತುದಿಗೆ ಸರಿಸಿದೆ. ನೋಡಬೇಕಾದ್ದು ಮೂರು. ಎರಡೂ ತುದಿ ಮುಟ್ಟುತ್ತದೆಯಾ? ನಡುವೆ ಎಲ್ಲಾದರೂ ಹಾರುತ್ತದೆಯಾ? ಕೈ ಬಿಟ್ಟಾಗ ಸಂಖ್ಯೆ ಸ್ಥಿರವಾಗಿ ನಿಲ್ಲುತ್ತದೆಯಾ?

ಯೋಕ್ ಮೂರರಲ್ಲೂ ಪಾಸಾಯಿತು. ಅದರಲ್ಲಿರುವುದು ಹಾಲ್ ಸೆನ್ಸರ್. ಆಯಸ್ಕಾಂತ ಎಷ್ಟು ಸರಿಯಿತು ಅಂತ ಮುಟ್ಟದೆಯೇ ಅಳೆಯುತ್ತದೆ, ಉಜ್ಜಿ ಸವೆಯುವುದು ಏನೂ ಇಲ್ಲ. ಥ್ರಾಟಲ್ ಕ್ವಾಡ್ರಂಟ್‌ನಲ್ಲಿದ್ದದ್ದು ಪೊಟೆನ್ಷಿಯೋಮೀಟರ್. ಅದರೊಳಗೆ ಒಂದು ಪಟ್ಟಿಯ ಮೇಲೆ ಲೋಹದ ನಾಲಿಗೆ ಜಾರುತ್ತದೆ. ಧೂಳು ಕೂತರೆ ಓದುವ ಬೆಲೆ ನಡುಗುತ್ತದೆ. ನನ್ನ ಮೊದಲ ಲಿವರ್ ಸುಮ್ಮನೆ ನಿಂತಿದ್ದಾಗಲೂ ಸಂಖ್ಯೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಹಾರಾಟದಲ್ಲಿ ಎಂಜಿನ್ ಸದ್ದು ಆಗಾಗ ಏರಿಳಿಯುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು. ಲಿವರ್ ಅನ್ನು ತುದಿಯಿಂದ ತುದಿಗೆ ಇಪ್ಪತ್ತು ಮೂವತ್ತು ಸಲ ಆಡಿಸಿದೆ, ಬಹುಪಾಲು ನಿಂತಿತು. ಉಳಿದದ್ದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಹೋಯಿತು. ಇದನ್ನು ಸಿಮ್‌ನ ಡೆಡ್ ಝೋನ್‌ನಿಂದ ಮುಚ್ಚಲು ಆಗುತ್ತಿರಲಿಲ್ಲ, ಏಕೆಂದರೆ ನಡುಕ ಇದ್ದದ್ದು ಲಿವರ್‌ನ ನಟ್ಟನಡುವೆ.

ಇನ್ನೊಂದು ಮಾತು. ಒಮ್ಮೆ ಹಾರಾಟದ ಮಧ್ಯೆ ಯೋಕ್ ಪೂರ್ತಿ ಸತ್ತುಹೋಗಿತ್ತು. ವಿದ್ಯುತ್ ಉಳಿಸಲೆಂದು ವಿಂಡೋಸ್ ಯುಎಸ್‌ಬಿ ಹಬ್ ಅನ್ನು ಮಲಗಿಸಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಹಬ್‌ನ ಪವರ್ ಪುಟಕ್ಕೆ ಹೋಗಿ ಟಿಕ್ ತೆಗೆದ ಮೇಲೆ ಮತ್ತೆ ಹಾಗಾಗಲಿಲ್ಲ. ಯಾವ ವೈರ್ ಯಾವ ಪೋರ್ಟ್‌ಗೆ ಅಂತ ಗುರುತು ಹಚ್ಚಿಟ್ಟಿದ್ದೇನೆ. ಪೋರ್ಟ್ ಬದಲಾದರೆ ಕೆಲವು ಸಲ ಅದು ಹೊಸ ಸಾಧನ ಅನ್ನಿಸಿಕೊಂಡು ಸೆಟ್ಟಿಂಗ್ ಎಲ್ಲ ಕಾಣೆಯಾಗುತ್ತದೆ.

ಈಗ ಸಿಮ್ ತೆರೆದೆ. ಹೊಸ ಸಾಧನ ಕಂಡ ತಕ್ಷಣ ಸಿಮ್ ತಾನೇ ಒಂದು ಪ್ರೊಫೈಲ್ (ಯಾವ ಬಟನ್, ಯಾವ ಲಿವರ್ ಏನು ಮಾಡಬೇಕು ಅನ್ನುವ ಪಟ್ಟಿ) ಹಚ್ಚಿಬಿಡುತ್ತದೆ. ಅನುಕೂಲವೇ, ಆದರೆ ನನ್ನ ಹಳೆಯ ಜಾಯ್‌ಸ್ಟಿಕ್ ಇನ್ನೂ ಸಿಕ್ಕಿಸಿಕೊಂಡೇ ಇತ್ತು. ಅದರ ಥ್ರಾಟಲ್ ಸ್ಲೈಡರ್ ಅರ್ಧದಲ್ಲಿ ನಿಂತಿತ್ತು. ಒಂದೇ ಥ್ರಾಟಲ್‌ಗೆ ಇಬ್ಬರು ಯಜಮಾನರು ಅಂದ ಹಾಗಾಯಿತು. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಎಂಜಿನ್ ಒಮ್ಮೊಮ್ಮೆ ತಾನಾಗಿ ಅರ್ಧ ಶಕ್ತಿಗೆ ಹಾರುತ್ತಿದ್ದದ್ದು ಇದರಿಂದಲೇ. ಜಾಯ್‌ಸ್ಟಿಕ್ ಕಿತ್ತೆ. ಯೋಕ್‌ಗೆ ಒಂದು, ಕ್ವಾಡ್ರಂಟ್‌ಗೆ ಒಂದು ಖಾಲಿ ಪ್ರೊಫೈಲ್ ಮಾಡಿ, ಒಂದೊಂದನ್ನೇ ಕೈಯಾರೆ ಹಚ್ಚಿದೆ; ಯೋಕ್‌ನ ಕರ್ವ್, ಡೆಡ್ ಝೋನ್ ಮಾತ್ರ ಹಿಂದಿನಂತೆಯೇ ಇಟ್ಟೆ. ಒಂದು ಗಂಟೆ ಹಿಡಿಯಿತು. ಆದರೆ ಯಾವ ಬಟನ್ ಏನು ಮಾಡುತ್ತದೆ ಅಂತ ಈಗ ಪಟ್ಟಿ ನೋಡದೆ ಹೇಳಬಲ್ಲೆ.

ಥ್ರಾಟಲ್ ಆಕ್ಸಿಸ್, ಅಂದರೆ ಲಿವರ್‌ನ ತುದಿಯಿಂದ ತುದಿಯ ಓಟ, ಹಚ್ಚುವಾಗ ಜಾಗ್ರತೆ ಬೇಕು. ಹೆಚ್ಚುಕಮ್ಮಿ ಒಂದೇ ಹೆಸರಿನ ಎರಡು ಆಯ್ಕೆ ಪಟ್ಟಿಯಲ್ಲಿ ಇರಬಹುದು. ನಾನು ಮೊದಲು ಹಚ್ಚಿದ್ದರಲ್ಲಿ ಲಿವರ್ ಅರ್ಧ ದಾರಿ ಬರುವವರೆಗೆ ಎಂಜಿನ್ ಏಳುತ್ತಲೇ ಇರಲಿಲ್ಲ, ಉಳಿದರ್ಧದಲ್ಲಿ ಸೊನ್ನೆಯಿಂದ ನೂರಕ್ಕೆ ಓಡುತ್ತಿತ್ತು. ಇನ್ನೊಂದನ್ನು ಹಚ್ಚಿದಾಗ ಪೂರ್ತಿ ಓಟ ಸಿಕ್ಕಿತು. ದಿಕ್ಕು ತಲೆಕೆಳಗಾಗಿತ್ತು, ಅದಕ್ಕೆ ರಿವರ್ಸ್ ಟಿಕ್ ಇದೆ.

ತುದಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಗಮನಿಸುವುದಿಲ್ಲ. ಲಿವರ್ ಅನ್ನು ಪೂರ್ತಿ ಹಿಂದಕ್ಕೆ ಎಳೆದರೂ ಸಿಮ್‌ಗೆ 3 ಪರ್ಸೆಂಟ್ ಹೋಗುತ್ತಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಲ. ಆದರೆ ಇಳಿಯುವಾಗ ರನ್‌ವೇ ಮೇಲೆ ವಿಮಾನ ಕೂರುವುದೇ ಇಲ್ಲ, ತೇಲುತ್ತಾ ಹೋಗುತ್ತದೆ. ನನ್ನ ಕೈ ಸರಿಯಿಲ್ಲ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಆಕ್ಸಿಸ್‌ನ ತುದಿಗೂ ಸ್ವಲ್ಪ ಡೆಡ್ ಝೋನ್ ಕೊಟ್ಟೆ. ಈಗ ಲಿವರ್ ಕೆಳಗಿನ ಗಟ್ಟಿಗೆ (ಲಿವರ್ ತಡೆದು ನಿಲ್ಲುವ ಜಾಗಕ್ಕೆ) ತಾಗುವ ಮೊದಲೇ ಸೊನ್ನೆ, ಮೇಲಿನ ಗಟ್ಟಿಗೆ ತಾಗುವ ಮೊದಲೇ ನೂರು.

ಲಿವರ್‌ಗಳ ಕ್ರಮ ನಿಜವಾದ ವಿಮಾನದಂತೆಯೇ ಇಟ್ಟಿದ್ದೇನೆ: ಕಪ್ಪು ತಲೆಯದ್ದು ಥ್ರಾಟಲ್, ನೀಲಿಯದ್ದು ಪ್ರೊಪೆಲರ್, ಕೆಂಪಿನದ್ದು ಮಿಕ್ಸ್ಚರ್ (ಎಂಜಿನ್‌ಗೆ ಹೋಗುವ ಇಂಧನ-ಗಾಳಿಯ ಪ್ರಮಾಣ). 172ರಲ್ಲಿ ಪ್ರೊಪೆಲರ್ ಲಿವರ್ ಇಲ್ಲ, ಹಾಗಾಗಿ ನೀಲಿ ಖಾಲಿ. ಅದಕ್ಕೆ ಬೇರೇನಾದರೂ ಹಚ್ಚುವ ಆಸೆ ಬಂದಿತ್ತು, ಬಿಟ್ಟೆ. ಇನ್ನೊಂದು ವಿಮಾನ ಹತ್ತಿದಾಗ ಕೈ ತಪ್ಪು ದಾರಿ ಹಿಡಿಯುತ್ತದೆ ಅಲ್ವಾ? ಕ್ವಾಡ್ರಂಟ್‌ನಲ್ಲಿ ಐಡಲ್‌ನ (ಎಂಜಿನ್ ಅತಿ ಕಡಿಮೆ ಶಕ್ತಿಯಲ್ಲಿ ಓಡುವ ಜಾಗದ) ಕೆಳಗೆ ಒಂದು ಗಟ್ಟಿ ಇದೆ. ಅದನ್ನು ದಾಟಿ ಎಳೆದರೆ ಒಳಗೆ ಒಂದು ಬಟನ್ ಒತ್ತಿದಂತಾಗುತ್ತದೆ. ಜೆಟ್ ವಿಮಾನಗಳಿಗೆ ಅದು ರಿವರ್ಸ್ ಥ್ರಸ್ಟ್, ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸುವುದು. 172ಕ್ಕೆ ಏನೂ ಇಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ರಲ್ಲಿ ವಿಮಾನಕ್ಕೊಂದು ಪ್ರೊಫೈಲ್ ಇಡಬಹುದು. 2020ರದ್ದರಲ್ಲಿ ನಾವೇ ನೆನಪಿಟ್ಟು ಬದಲಿಸಬೇಕು.

ಯೋಕ್ ಮೇಲಿನ ಸ್ವಿಚ್‌ಗಳಿಗೆ ಒಂದೇ ನಿಯಮ ಪಾಲಿಸಿದೆ. ಲೈಟಿಗೆ, ಬ್ಯಾಟರಿಗೆ 'ಟಾಗಲ್' (ಈಗ ಇರುವುದನ್ನು ತಿರುವುಮುರುವು ಮಾಡು) ಅನ್ನುವ ಆಜ್ಞೆ ಹಚ್ಚಲಿಲ್ಲ. ಸ್ವಿಚ್ ಮೇಲಾದಾಗ 'ಆನ್', ಕೆಳಗಾದಾಗ 'ಆಫ್' ಅಂತ ಬೇರೆ ಬೇರೆ ಆಜ್ಞೆ ಹಚ್ಚಿದೆ. ಟಾಗಲ್ ಹಚ್ಚಿದರೆ, ಹಾರಾಟ ಶುರುವಾಗುವಾಗ ಲೈಟ್ ಮೊದಲೇ ಉರಿಯುತ್ತಿದ್ದರೆ, ಸ್ವಿಚ್ ಒಂದು ಹೇಳುತ್ತದೆ, ವಿಮಾನ ಇನ್ನೊಂದು ಮಾಡುತ್ತದೆ.

ಇನ್ನು ಕರ್ವ್. ಮೂರು ಸಂಜೆ ತಿಂದದ್ದು ಇದೇ.

ಕರ್ವ್ ನೇರ ಗೆರೆಯಾಗಿದ್ದರೆ ಯೋಕ್ ಹತ್ತು ಪಾಲು ಸರಿದರೆ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ, ಬಾಲದಲ್ಲಿರುವ ಹಲಗೆ) ಕೂಡ ಹತ್ತು ಪಾಲು ಸರಿಯುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಗೆರೆ ಬಗ್ಗುತ್ತದೆ. ನಡುವೆ ಮೆತ್ತಗಾಗುತ್ತದೆ, ಆದರೆ ತುದಿ ತಲುಪಲೇಬೇಕಲ್ಲ, ಹಾಗಾಗಿ ಆಮೇಲೆ ಕಡಿದಾಗಿ ಏರುತ್ತದೆ. ನಡುವೆ ಉಳಿಸಿದ್ದನ್ನು ಅಂಚಿನಲ್ಲಿ ಬಡ್ಡಿ ಸಮೇತ ಕೊಡಬೇಕು. ಕೆಲವೇ ಬೆರಳು ದೂರ ಸರಿಯುವ ಜಾಯ್‌ಸ್ಟಿಕ್‌ಗೆ ಇದು ಬೇಕಾಗುತ್ತದೆ. ಯೋಕ್‌ಗೆ ಓಟವೇ ಉದ್ದ. ನನ್ನದು ಎಡಕ್ಕೆ 90, ಬಲಕ್ಕೆ 90 ಡಿಗ್ರಿ ತಿರುಗುತ್ತದೆ.

ಸೆಟ್ಟಿಂಗ್ ಪುಟದಲ್ಲಿ ಕರ್ವ್ ಮೇಲೆ ಒಂದು ಚುಕ್ಕೆ ಓಡಾಡುತ್ತದೆ. ಯೋಕ್ ಈಗ ಎಲ್ಲಿದೆ ಅಂತ ಅದು ತೋರಿಸುತ್ತದೆ. ಒಂದು ಸಂಜೆ ರನ್‌ವೇಗೆ ಬರುತ್ತಿರುವಾಗಲೇ ಹಾರಾಟ ನಿಲ್ಲಿಸಿ, ಕೈಯನ್ನು ಇದ್ದಲ್ಲೇ ಹಿಡಿದುಕೊಂಡು ಆ ಪುಟ ತೆರೆದೆ. ಚುಕ್ಕೆ ನಡುವಿನಲ್ಲಿ ಇರಲೇ ಇಲ್ಲ! ತುಂಬ ಹಿಂದಿತ್ತು, ಗೆರೆ ಕಡಿದಾಗಿ ಏರುವ ಜಾಗದಲ್ಲಿ. ನಡುವನ್ನು ನಾನು ಎಷ್ಟು ಮೆತ್ತಗೆ ಮಾಡಿದರೇನು, ನನ್ನ ಕೈ ಅಲ್ಲಿರಲೇ ಇಲ್ಲ. ಪ್ರತಿ ಸಲ ಸೆನ್ಸಿಟಿವಿಟಿ ಇಳಿಸಿದಾಗಲೂ ನನ್ನ ಕೈ ಇದ್ದ ಜಾಗವನ್ನು ಇನ್ನಷ್ಟು ಚುರುಕು ಮಾಡುತ್ತಿದ್ದೆ.

ಕೈ ಅಲ್ಲಿ ಯಾಕಿತ್ತು? ನಾನು ಟ್ರಿಮ್ ಮಾಡುತ್ತಿರಲಿಲ್ಲ, ಅಂದರೆ ಕೈ ಬಿಟ್ಟರೂ ಮೂಗು ಅಲ್ಲೇ ನಿಲ್ಲುವಂತೆ ವಿಮಾನವನ್ನು ಹೊಂದಿಸುತ್ತಿರಲಿಲ್ಲ. ಮಾಡುತ್ತಿದ್ದೆ ಅಂದುಕೊಂಡಿದ್ದೆ, ಆದರೆ ಮಾಡುತ್ತಿದ್ದದ್ದು ಸಾಲುತ್ತಿರಲಿಲ್ಲ.

ನಿಜವಾದ 172ರಲ್ಲಿ ಯೋಕ್‌ಗೆ ಭಾರ ಬರುವುದು ಗಾಳಿಯಿಂದ. ಪೈಲಟ್ ಯೋಕ್ ಎಳೆದು ಮೂಗನ್ನು ಬೇಕಾದ ಕಡೆ ನಿಲ್ಲಿಸುತ್ತಾರೆ. ಆಮೇಲೆ ಕೈಗೆ ಬರುತ್ತಿರುವ ಒತ್ತಡ ಮಾಯವಾಗುವ ತನಕ ಟ್ರಿಮ್ ಚಕ್ರ ತಿರುಗಿಸುತ್ತಾರೆ. ಯೋಕ್ ಇದ್ದಲ್ಲೇ ಇರುತ್ತದೆ, ಭಾರ ಮಾತ್ರ ಹೋಗುತ್ತದೆ. ನಮ್ಮ ಮೇಜಿನ ಮೇಲಿನ ಯೋಕ್‌ಗೆ ಗಾಳಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸ್ಪ್ರಿಂಗ್ ಮಾತ್ರ. ಟ್ರಿಮ್ ಎಷ್ಟೇ ತಿರುಗಿಸಿ, ಸ್ಪ್ರಿಂಗ್ ಎಳೆಯುವುದು ಅದೇ ನಡುವಿಗೆ. ಹಾಗಾಗಿ ಇಲ್ಲಿ ಕ್ರಮ ಬೇರೆ. ಮೂಗನ್ನು ಹಿಡಿದು ನಿಲ್ಲಿಸಬೇಕು, ಟ್ರಿಮ್ ಸ್ವಲ್ಪ ಕೊಡಬೇಕು, ಕೊಟ್ಟಷ್ಟೇ ಕೈಯನ್ನು ನಡುವಿನ ಕಡೆ ಬಿಡಬೇಕು. ಎರಡೂ ಒಟ್ಟಿಗೆ, ನಿಧಾನವಾಗಿ. ಕೈ ಪೂರ್ತಿ ಬಿಟ್ಟರೂ ಮೂಗು ಅಲ್ಲೇ ನಿಂತರೆ ಟ್ರಿಮ್ ಮುಗಿಯಿತು.

ಟ್ರಿಮ್ ಅನ್ನು ಎಡ ಹೆಬ್ಬೆರಳಿಗೆ ಸಿಗುವ ಎರಡು ಬಟನ್‌ಗೆ ಹಚ್ಚಿದೆ. ಒತ್ತಿ ಹಿಡಿಯುವುದಿಲ್ಲ, ತಟ್ಟಿ ತಟ್ಟಿ ಬಿಡುತ್ತೇನೆ. ಒತ್ತಿ ಹಿಡಿದರೆ ಬೇಕಾದ ಜಾಗ ದಾಟಿ ಹೋಗುತ್ತದೆ. ಇದೊಂದನ್ನೇ ಎರಡು ಸಂಜೆ ಅಭ್ಯಾಸ ಮಾಡಿದೆ. ರನ್‌ವೇ ಬೇಡ, ಇಳಿಯುವುದೂ ಬೇಡ. 3,000 ಅಡಿ ಎತ್ತರದಲ್ಲಿ 90 ನಾಟ್‌ಗೆ (ನಾಟ್ ಅಂದರೆ ವಿಮಾನದ ವೇಗದ ಅಳತೆ) ಟ್ರಿಮ್ ಮಾಡು, ಕೈ ಬಿಡು. 75ಕ್ಕೆ ಮಾಡು, ಕೈ ಬಿಡು. ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಇಳಿಯುವ ಹಲಗೆ) ಇಳಿಸಿ 65ಕ್ಕೆ ಮಾಡು, ಕೈ ಬಿಡು. ಅಷ್ಟೇ.

ಆಮೇಲೆ ಕರ್ವ್ ಅನ್ನು ಮತ್ತೆ ನೇರ ಗೆರೆ ಮಾಡಿದೆ. ಡೆಡ್ ಝೋನ್ 8ರಿಂದ 2ಕ್ಕೆ ಇಳಿಸಿದೆ. ಡೆಡ್ ಝೋನ್ ದೊಡ್ಡದಿದ್ದರೆ ನಡುವಿನ ಹತ್ತಿರ ಸರಿಸಿದರೂ ಏನೂ ಆಗುವುದಿಲ್ಲ, ಇನ್ನಷ್ಟು ಸರಿಸುತ್ತೇವೆ, ಆಗ ಥಟ್ಟನೆ ಹಿಡಿದುಕೊಳ್ಳುತ್ತದೆ. ಟ್ರಿಮ್ ಮಾಡಿದ ವಿಮಾನದಲ್ಲಿ ಕೈ ಇರುವುದೇ ನಡುವಿನ ಹತ್ತಿರ. ಅಲ್ಲೇ ಕಿವುಡಾದರೆ ಹೇಗೆ? ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ ಬಳಸುವವರು ಇನ್ನೊಂದು ನೋಡಬೇಕು. ಅಲ್ಲಿ ಸ್ಟೆಬಿಲಿಟಿ ಅನ್ನುವ ಸ್ಲೈಡರ್‌ಗಳಿವೆ. ಅವನ್ನು ಏರಿಸಿದರೆ ಕಂಪ್ಯೂಟರ್ ನಮ್ಮ ಜೊತೆ ತಾನೂ ತಿದ್ದಲು ಶುರುಮಾಡುತ್ತದೆ. ನಾನು ಸೊನ್ನೆಯಲ್ಲಿ ಇಟ್ಟಿದ್ದೇನೆ.

ಹೀಗೆ ಎಲ್ಲ ಆದ ಮೇಲೆ ಮೊದಲ ಸಲ ಇಳಿಯಲು ಬಂದಾಗ ಎರಡು ಬೆರಳಲ್ಲಿ ಯೋಕ್ ಹಿಡಿದಿದ್ದೆ. ಫ್ಲಾಪ್ 30 ಡಿಗ್ರಿ, ವೇಗ 65 ನಾಟ್, ಮೂಗು ಅಲುಗದೆ ನಿಂತಿತ್ತು. ಎತ್ತರ ಜಾಸ್ತಿ ಅನ್ನಿಸಿದರೆ ಥ್ರಾಟಲ್ ಒಂದು ಕೂದಲು ಹಿಂದೆ, ಕಡಿಮೆ ಅನ್ನಿಸಿದರೆ ಒಂದು ಕೂದಲು ಮುಂದೆ. ರನ್‌ವೇ ಮೇಲೆ ಬಂದಾಗ ಲಿವರ್ ಅನ್ನು ಗಟ್ಟಿಯ ತನಕ ಎಳೆದೆ. ಈ ಸಲ ಅದು ನಿಜವಾದ ಸೊನ್ನೆ. ಯೋಕ್ ಅನ್ನು ನಿಧಾನವಾಗಿ ಹಿಂದಕ್ಕೆ ತರುತ್ತಾ ಹೋದೆ. ರೆಕ್ಕೆ ಇನ್ನು ಎತ್ತಿ ಹಿಡಿಯಲಾರದು ಅಂತ ಎಚ್ಚರಿಸುವ ಸ್ಟಾಲ್ ಹಾರ್ನ್ ಸಣ್ಣಗೆ ಕೂಗಿತು. ಹಿಂದಿನ ಎರಡು ಚಕ್ರ ಮೊದಲು ಮುಟ್ಟಿದವು.