ಹಳೆ ಮನೆ: ರಿಪೇರಿ ಮಾಡಿಸುವುದೋ, ಕೆಡವಿ ಕಟ್ಟುವುದೋ? ನಾನು ಲೆಕ್ಕ ಹಾಕಿದ ಬಗೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯನ್ನು ಮಾವನವರು ಕಟ್ಟಿಸಿದ್ದು 1984ರಲ್ಲಿ. ಸಿಐಟಿಬಿ (ಆಗ ಊರಿನಲ್ಲಿ ಸೈಟು ಹಂಚುತ್ತಿದ್ದ ಸರ್ಕಾರಿ ಮಂಡಳಿ) ಸೈಟು, 30×40 ಅಡಿ. ಒಂಬತ್ತು ಚದರ, ಒಂದೇ ಅಂತಸ್ತು. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ಅಡುಗೆಮನೆಯಲ್ಲಿ ಕಡಪ ಕಲ್ಲು. 2022ರ ಅಕ್ಟೋಬರ್ ಮಳೆಯಲ್ಲಿ ಬಚ್ಚಲುಮನೆಯ ಸೂರಿನಿಂದ ಅಂಗೈ ಅಗಲದ ಗಾರೆ ಚಕ್ಕೆ ಕಳಚಿ ಬಕೆಟ್ಟಿಗೆ ಬಿತ್ತು. ತಲೆ ಎತ್ತಿ ನೋಡಿದರೆ ತುಕ್ಕು ಹಿಡಿದ ಕಂಬಿ.

ಅವತ್ತಿನಿಂದ ಮನೆಗೆ ಬಂದವರೆಲ್ಲ ಇಂಜಿನಿಯರುಗಳೇ. "ಕೆಡವಿಬಿಡಿ ಟೀಚರ್, ಸುಮ್ನೆ ಹಳೇದಕ್ಕೆ ದುಡ್ಡು ಸುರೀಬೇಡಿ" ಎಂದವರು ಕೆಲವರು. "ನಲವತ್ತು ವರ್ಷದ ಮನೆ, ಈಗಿನವರು ಇಂಥ ಗೋಡೆ ಕಟ್ತಾರಾ?" ಎಂದವರು ಇನ್ನು ಕೆಲವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಇಬ್ಬರ ಹತ್ತಿರವೂ ಲೆಕ್ಕ ಇರಲಿಲ್ಲ. ಕೊನೆಗೆ ನೂರು ಹಾಳೆಯ ನೋಟ್‌ಬುಕ್ ತಂದು ನಾನೇ ಕೂತೆ. ಆ ನೋಟ್‌ಬುಕ್ಕಿನಲ್ಲಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಚದರಕ್ಕೆ ಎಷ್ಟು?" ಎಂದು ಕೇಳಿ ಲೆಕ್ಕ ಶುರು ಮಾಡಬೇಡಿ. ಚದರ ಅಂದರೆ ನೂರು ಚದರಡಿ, ಸರಿ. ಆದರೆ ಆ ರೇಟಿನ ಹೊರಗೆ ಉಳಿಯುವುದೇ ಜಾಸ್ತಿ. ಹಳೆ ಮನೆ ಕೆಡವುವುದು, ಕಾಂಪೌಂಡು, ಗೇಟು, ಸಂಪು, ಪ್ಲಾನ್ ಮಂಜೂರಾತಿ, ಕೆಲಸ ಮುಗಿಯುವವರೆಗಿನ ಬಾಡಿಗೆ, ಇದ್ಯಾವುದೂ ಅದರಲ್ಲಿ ಇರುವುದಿಲ್ಲ. ರಿಪೇರಿಗಂತೂ ಚದರದ ರೇಟೇ ಇಲ್ಲ. ಯಾರಾದರೂ ಹೇಳಿದರೆ ಅದು ಅಂದಾಜಲ್ಲ, ಊಹೆ. ಇನ್ನೊಂದು ಮೋಸ ನಮಗೆ ನಾವೇ ಮಾಡಿಕೊಳ್ಳುವುದು. ಒಂಬತ್ತು ಚದರದ ರಿಪೇರಿಯನ್ನು ಹದಿನೆಂಟು ಚದರದ ಹೊಸ ಮನೆಯ ಜೊತೆ ಹೋಲಿಸುತ್ತೇವೆ. ಒಂಬತ್ತಕ್ಕೆ ಒಂಬತ್ತನ್ನೇ ಹೋಲಿಸಿ. ಮಹಡಿಯ ಆಸೆ ಬೇರೆ ಪುಟದಲ್ಲಿರಲಿ.

ಈಗ ಮುಖ್ಯ ವಿಷಯ. ಮನೆಗೆ ಎಲುಬು ಅಂತ ಇರುವುದು ಮೂರು: ಪಾಯ, ಗೋಡೆ, ಸೂರು. ಹೊಸ ಮನೆಯ ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಇವಕ್ಕೇ ಹೋಗುತ್ತದೆ. ಉಳಿದ ಅರ್ಧ ವೈರಿಂಗು, ಪೈಪು, ನೆಲ, ಬಾಗಿಲು, ಬಣ್ಣ. ಪೂರ್ತಿ ರಿಪೇರಿಯಲ್ಲಿ ಆ ಉಳಿದ ಅರ್ಧವನ್ನು ನೀವು ಹೇಗೂ ಖರ್ಚು ಮಾಡಲೇಬೇಕು. ಹಳೆಯದನ್ನು ಕಿತ್ತು ಹಾಕುವ ಕೂಲಿ ಬೇರೆ ಸೇರುವುದರಿಂದ ಅದು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅಂದರೆ ಹಳೆ ಮನೆ ಉಳಿಸಿಕೊಂಡರೆ ಮಿಗುವುದು ಎಲುಬಿನ ದುಡ್ಡು ಮಾತ್ರ. ಎಲುಬೇ ಕೆಟ್ಟಿದ್ದರೆ ಏನೂ ಮಿಗುವುದಿಲ್ಲ. ಹಾಗಾಗಿ ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಎಲುಬಿನ ಪರೀಕ್ಷೆ ಆಗಬೇಕು.

ಅರ್ಧ ಪರೀಕ್ಷೆ ನೀವೇ ಮಾಡಬಹುದು. ಸ್ಟೂಲ್ ಹತ್ತಿ, ಸಣ್ಣ ಸುತ್ತಿಗೆಯಿಂದ ಸೂರನ್ನು ಮೆಲ್ಲಗೆ ಅಡಿಗೊಂದರಂತೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪೊಳ್ಳಿದ್ದಲ್ಲಿ ಡಬ್ ಅನ್ನುತ್ತದೆ. ಮಾವಿನಕಾಯಿ ಗಾತ್ರದ ಚಕ್ಕೆ ಮುಖಕ್ಕೆ ಬೀಳಬಹುದು, ಕನ್ನಡಕ ಹಾಕಿಕೊಳ್ಳಿ. ಪೊಳ್ಳು ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಮ್ಮಲ್ಲಿ ಗುರುತು ಬಿದ್ದದ್ದು ಬಚ್ಚಲುಮನೆ, ಅಡುಗೆಮನೆ ಮತ್ತು ಹಿಂದಿನ ಸಜ್ಜಾ ಮೇಲೆ. ನೀರು, ಹಬೆ ತಾಗುವ ಜಾಗಗಳು. ಹಾಲ್ ಮತ್ತು ಎರಡು ರೂಮು ಟಣ್ ಎಂದವು.

ಬಿರುಕುಗಳನ್ನು ಓದುವುದೂ ಕಷ್ಟವಲ್ಲ. ಗಾರೆಯ ಮೇಲೆ ಜೇಡರ ಬಲೆಯಂಥ ಕೂದಲೆಳೆ ಬಿರುಕಿಗೆ ಹೆದರಬೇಡಿ. ಸೂರಿನಲ್ಲಿ ಗೆರೆ ಎಳೆದಂತೆ ನೇರ ಬಿರುಕಿದ್ದು ಪಕ್ಕದಲ್ಲಿ ಕಂದು ಕಲೆ ಇದ್ದರೆ, ಆ ಗೆರೆಯ ಒಳಗೆ ಕಂಬಿ ತುಕ್ಕು ಹಿಡಿಯುತ್ತಿದೆ ಎಂದು ಅರ್ಥ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒದೆಯುತ್ತದೆ. ಆ ಕಾಲದ ಮನೆಗಳಲ್ಲಿ ತಿರುಚಿದ ಟಾರ್ ಕಂಬಿ ಜಾಸ್ತಿ. ಅದು ಬೇಗ ತುಕ್ಕು ಹಿಡಿಯುವ ಜಾತಿ. ಇನ್ನು ಕಿಟಕಿ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು ಪಾಯದ ಕಡೆ ಬೆರಳು ತೋರಿಸುತ್ತದೆ. ಅದರ ಮೇಲೆ ಅಡ್ಡಡ್ಡ ಸ್ವಲ್ಪ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತಾರೀಖು ಬರೆದು ಬಿಡಿ. ಒಂದು ಮಳೆಗಾಲ ಕಳೆದ ಮೇಲೂ ಅದು ಸೀಳದಿದ್ದರೆ ಪಾಯ ಕೂತಿದೆ ಎಂದುಕೊಳ್ಳಬಹುದು. ಎರೆಮಣ್ಣಿನ ಊರಿನವರು ಇದನ್ನು ಬೇಸಿಗೆಯಲ್ಲೂ ನೋಡಬೇಕು. ಆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ.

ಉಳಿದರ್ಧ ಪರೀಕ್ಷೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಮನೆ ಕಟ್ಟಿಕೊಡುವ ಕಾಂಟ್ರಾಕ್ಟರ್ ಅಲ್ಲ. ಕೆಡವಿದರೆ ಲಾಭ ಆಗುವವರ ಹತ್ತಿರ ಕೆಡವಬೇಕಾ ಎಂದು ಕೇಳಬಾರದು, ಅಲ್ವಾ? ನಮಗೆ ಪರೀಕ್ಷೆ ಮತ್ತು ವರದಿಗೆ 41,000 ರೂಪಾಯಿ ಆಯಿತು. ಸ್ಪ್ರಿಂಗ್ ಇರುವ ಸುತ್ತಿಗೆಯಂಥ ಒಂದು ಉಪಕರಣದಿಂದ ಕಾಂಕ್ರೀಟಿನ ಗಟ್ಟಿತನ ನೋಡಿದರು. ಅಲ್ಲಲ್ಲಿ ಸಣ್ಣ ತೂತು ಕೊರೆದು ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರು. ಹೈಸ್ಕೂಲ್ ಲ್ಯಾಬಿನಲ್ಲಿ ಮಕ್ಕಳು ಆಟ ಆಡುತ್ತಿದ್ದ ಅದೇ ದ್ರಾವಣ! ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನಲ್ಲಿ ಕ್ಷಾರ ಇನ್ನೂ ಇದೆ, ಕಂಬಿಗೆ ಕಾವಲಿದೆ. ಬಣ್ಣ ಬಾರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿಯವರೆಗೆ ಇಳಿದು ಕ್ಷಾರವನ್ನು ತಿಂದುಹಾಕಿದೆ. ನಮ್ಮ ಹಾಲ್ ಗುಲಾಬಿಯಾಯಿತು. ಬಚ್ಚಲುಮನೆ ಬಣ್ಣ ಬಿಡಲೇ ಇಲ್ಲ. ಸೂರಿನ ಸುಮಾರು ಐದನೇ ಒಂದು ಭಾಗ ಕೆಟ್ಟಿದೆ, ಉಳಿದದ್ದು ಪರವಾಗಿಲ್ಲ ಎಂದು ವರದಿ ಬಂತು.

ಈ ಗುಲಾಬಿ ಬಣ್ಣವನ್ನೇ ನಂಬಿ ಕೂರಬೇಡಿ ಎಂದು ಕಲಿತದ್ದು ನನ್ನ ತಂಗಿಯ ಮನೆಯಿಂದ. ಅವಳಿರುವುದು ಮಲ್ಪೆಯಲ್ಲಿ, ಕಡಲಿಗೆ ಹತ್ತಿರ. 1991ರ ಮನೆ, ನಮ್ಮದಕ್ಕಿಂತ ಏಳು ವರ್ಷ ಚಿಕ್ಕದು. ಅಲ್ಲಿ ಗುಲಾಬಿ ಚೆನ್ನಾಗಿಯೇ ಬಂತು, ಆದರೂ ಕಂಬಿ ಪುಡಿಪುಡಿ. ಕಾರಣ ಉಪ್ಪು. ಕಡಲ ಗಾಳಿಯ ಕ್ಲೋರೈಡ್ ಒಳಗೆ ಸೇರಿದರೆ ಕ್ಷಾರ ಇದ್ದರೂ ತುಕ್ಕು ನಿಲ್ಲುವುದಿಲ್ಲ. ಕಾಂಕ್ರೀಟ್ ಪುಡಿಯನ್ನು ಲ್ಯಾಬಿಗೆ ಕಳಿಸಿದಾಗ ಗೊತ್ತಾಯಿತು. ಇಡೀ ಸೂರು ತೆಗೆದು ಹೊಸದಾಗಿ ಹಾಕಬೇಕಿತ್ತು. ಸೂರು ತೆಗೆದರೆ ಅದರ ಕೆಳಗಿನ ವೈರು, ಗಾರೆ, ನೆಲ ಯಾವುದೂ ಉಳಿಯುವುದಿಲ್ಲ. ಅವರು ಕೆಡವಿ ಕಟ್ಟಿದರು. ಅದೇ ಸರಿ. ಸೂರು ಪೂರ್ತಿ ಬದಲಿಸಬೇಕು ಎಂಬ ವರದಿ ಬಂದರೆ ರಿಪೇರಿಯ ಆಸೆ ಬಿಡಿ. ಮಲೆನಾಡಿನ ಹೆಂಚಿನ ಮನೆಗಳ ಲೆಕ್ಕ ಬೇರೆ. ಅಲ್ಲಿ ತೊಲೆ, ಪಕಾಸಿ, ಹೆಂಚು ಬಿಚ್ಚಿ ಮತ್ತೆ ಕೂರಿಸಬಹುದು, ಮರಕ್ಕೇ ಬೆಲೆಯಿದೆ.

ಸರಿ, ನನ್ನ ನೋಟ್‌ಬುಕ್ಕಿನ ಎರಡು ಪುಟ. ಎರಡೂ 2024ರ ಮೈಸೂರಿನ, ನಮಗೆ ಕೊಟ್ಟ ದರಗಳು. ನಿಮ್ಮೂರಲ್ಲಿ ಬೇರೆ ಇರುತ್ತವೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮುಂಚಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದು ಕೇಳಿ.

ಹೊಸ ಮನೆಯ ಪುಟ. ಚದರಕ್ಕೆ 2.2 ಲಕ್ಷದಂತೆ ಒಂಬತ್ತು ಚದರಕ್ಕೆ 19.80 ಲಕ್ಷ. ಕೆಡವುವ ಖರ್ಚಿನಲ್ಲಿ ಹಳೆ ಬಾಗಿಲು, ಕಂಬಿ ಮಾರಿದ ದುಡ್ಡು ಕಳೆದು 50,000. ಪ್ಲಾನ್, ಲೈಸೆನ್ಸ್, ಡ್ರಾಯಿಂಗ್ 70,000. ಕಾರ್ಮಿಕ ಕಲ್ಯಾಣದ ಸೆಸ್ ಶೇ 1ರ ಪ್ರಕಾರ 20,000 (2024ರಲ್ಲಿ ಸ್ವಂತ ವಾಸದ ಮನೆಗೆ 10 ಲಕ್ಷದೊಳಗಿನ ಖರ್ಚಾದರೆ ಇದು ಇರಲಿಲ್ಲ). ಕಾಂಪೌಂಡು, ಗೇಟು, ಸಂಪು 2.20 ಲಕ್ಷ. ಹನ್ನೊಂದು ತಿಂಗಳ ಬಾಡಿಗೆ, ತಿಂಗಳಿಗೆ 14,000ದಂತೆ, 1.54 ಲಕ್ಷ. ಎರಡು ಸಲ ಸಾಮಾನು ಸಾಗಿಸಲು 24,000. ಒಟ್ಟು 25.18 ಲಕ್ಷ.

ರಿಪೇರಿಯ ಪುಟ, ಇದು ಕೆಲಸ ಮುಗಿದ ಮೇಲಿನದು. ಪರೀಕ್ಷೆ 41,000. ಸೂರಿನ ರಿಪೇರಿ ಮತ್ತು ತಾರಸಿಗೆ ವಾಟರ್‌ಪ್ರೂಫಿಂಗ್ 2.10 ಲಕ್ಷ. ಪೂರ್ತಿ ಹೊಸ ವೈರಿಂಗ್ 1.65 ಲಕ್ಷ. ಹಳೆ ಜಿಐ (ಕಬ್ಬಿಣದ) ಪೈಪು ಕಿತ್ತು ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿದ್ದು, ಎರಡು ಬಚ್ಚಲುಮನೆ ಸೇರಿ 3.20 ಲಕ್ಷ. ನೆಲ 1.60 ಲಕ್ಷ. ಅಡುಗೆಮನೆ ಕಟ್ಟೆ, ಜೊತೆಗೆ ಒಂದು ಗೋಡೆ ಒಡೆದು ಕಬ್ಬಿಣದ ಬೀಮ್ ಕೂರಿಸಿದ್ದು 1.35 ಲಕ್ಷ. ಕಿಟಕಿ, ಬಾಗಿಲು 1.90 ಲಕ್ಷ. ಗಾರೆ, ಬಣ್ಣ 2.25 ಲಕ್ಷ. ಕಲ್ಲುಮಣ್ಣು ಸಾಗಿಸಲು 28,000. ಐದು ತಿಂಗಳ ಬಾಡಿಗೆ 70,000, ಸಾಮಾನು ಸಾಗಣೆ 24,000. ಒಟ್ಟು 15.68 ಲಕ್ಷ.

ಬೀರು, ಕಪಾಟುಗಳನ್ನು ಎರಡೂ ಕಡೆ ಬಿಟ್ಟಿದ್ದೇನೆ, ಅವು ಎರಡಕ್ಕೂ ಒಂದೇ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಪರೀಕ್ಷೆ, ಬಾಡಿಗೆ, ಸಾಮಾನು ಸಾಗಣೆ ಬಿಟ್ಟು ಬರೀ ಕೆಲಸಕ್ಕೆ ಆದದ್ದು 14.33 ಲಕ್ಷ. ಆದರೆ ಶುರುವಿನಲ್ಲಿ ಬರೆದುಕೊಟ್ಟಿದ್ದ ಎಸ್ಟಿಮೇಟ್ 11.50 ಲಕ್ಷ. ಹತ್ತಿರ ಹತ್ತಿರ ಕಾಲು ಭಾಗ ಜಾಸ್ತಿ. ಯಾರೂ ಮೋಸ ಮಾಡಲಿಲ್ಲ. ಬಚ್ಚಲುಮನೆ ಗೋಡೆ ಒಡೆದಾಗ ಪೈಪು ನಾವಂದುಕೊಂಡ ಕಡೆ ಇರಲಿಲ್ಲ. ಎರಡು ಬಾಗಿಲುವಾಡಕ್ಕೆ ಬುಡದಲ್ಲಿ ಗೆದ್ದಲು ಹತ್ತಿತ್ತು. ಹಳೆ ವೈರಿಂಗಿನಲ್ಲಿ ಲೈಟಿನ ಪಾಯಿಂಟುಗಳಿಗೆ ಅರ್ತ್ ವೈರೇ ಇರಲಿಲ್ಲ. ಗಾರೆ ಒಡೆಯುವವರೆಗೆ ಹಳೆ ಮನೆ ಬಾಯಿ ಬಿಡುವುದಿಲ್ಲ. ಹಾಗಾಗಿ ರಿಪೇರಿ ಎಸ್ಟಿಮೇಟಿಗೆ ಶೇ 25 ಸೇರಿಸಿಯೇ ಹೋಲಿಸಿ. ಹೊಸದಕ್ಕೆ ಶೇ 10 ಸಾಕು. ಹಾಗೆ ಸೇರಿಸಿದ ಮೇಲೂ ರಿಪೇರಿ ಹೊಸದರ ಮುಕ್ಕಾಲು ಭಾಗ ದಾಟಿದರೆ ನಾನಾದರೆ ಹೊಸದನ್ನೇ ಕಟ್ಟುತ್ತಿದ್ದೆ.

ನನ್ನ ಮಗಳು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ ಸಿಕ್ಕಿಹಾಕಿಸಿದಳು. "ಅಮ್ಮಾ, ಎಷ್ಟು ವರ್ಷಕ್ಕೆ?" ರಿಪೇರಿ ಮಾಡಿದ ಮನೆ ಇನ್ನು ಇಪ್ಪತ್ತು ವರ್ಷ ಬಾಳುತ್ತದೆ ಎಂದಿದ್ದರು ಇಂಜಿನಿಯರ್. ಹೊಸದಾದರೆ ಐವತ್ತು. ಭಾಗಿಸಿ ನೋಡಿದೆ. ರಿಪೇರಿಗೆ ವರ್ಷಕ್ಕೆ 78,400, ಹೊಸದಕ್ಕೆ 50,360. ವರ್ಷದ ಲೆಕ್ಕದಲ್ಲಿ ಹೊಸ ಮನೆಯೇ ಅಗ್ಗ! ಗಣಿತದ ಟೀಚರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೆ ನನಗೆ 61, ನಮ್ಮ ಯಜಮಾನರಿಗೆ 67. ಮಗಳು ಪುಣೆ ಬಿಟ್ಟು ಬರುವವಳಲ್ಲ. ಇಪ್ಪತ್ತೊಂದನೇ ವರ್ಷದ ಸೂರಿಗೆ ಈಗ ಒಂಬತ್ತೂವರೆ ಲಕ್ಷ ಕೊಡಲು ನಮಗೆ ಮನಸ್ಸಾಗಲಿಲ್ಲ. ನೀವು ಮೂವತ್ತೈದರವರಾಗಿದ್ದು ಮಕ್ಕಳು ಅಲ್ಲೇ ಬೆಳೆಯಬೇಕಿದ್ದರೆ ಇದೇ ಅಂಕಿಗಳು ಬೇರೆ ಉತ್ತರ ಕೊಡುತ್ತವೆ.

ಮಹಡಿಯ ಪುಟಕ್ಕೆ ಬರೋಣ. ನಮ್ಮಂಥ ಮನೆಗಳಲ್ಲಿ ಪಿಲ್ಲರ್ ಇಲ್ಲ, ಒಂಬತ್ತಿಂಚಿನ ಗೋಡೆಯೇ ಸೂರನ್ನು ಹೊರುತ್ತದೆ. ಆ ಗೋಡೆ ಒಡೆಯಬೇಕಾದರೆ ಮೊದಲು ಬೀಮ್ ಕೂರಿಸಬೇಕು. "ಮುಟ್ಟಿದರೆ ಏನೂ ಆಗಲ್ಲ" ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಮೇಲೆ ಒಂದು ಅಂತಸ್ತು ಏರಿಸಬೇಕಾದರೆ ಪಾಯದ ಪಕ್ಕ ಗುಂಡಿ ತೋಡಿ ಸೈಜುಗಲ್ಲು ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಇದೆ ನೋಡಿಸಿ. ಮಹಡಿ ಬೇಕೇ ಬೇಕು, ಪಾಯ ಸಾಲದು ಎಂದಾದರೆ ಅಲ್ಲಿಗೆ ತೀರ್ಮಾನ ಆಯಿತು, ಕೆಡವಿ. ಕೆಡವುವ ಮುಂಚೆ ಸೆಟ್‌ಬ್ಯಾಕ್ ನೋಡಿ. ನಮ್ಮ ಮನೆ ಒಂದು ಕಡೆ ಕಾಂಪೌಂಡಿಗೆ ಅಂಟಿಕೊಂಡಂತೆ ಇದೆ. ಹೊಸ ಪ್ಲಾನಿಗೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕು. ಕೆಳಗಿನ ಒಂಬತ್ತು ಚದರ ಒಂಬತ್ತಾಗಿಯೇ ಉಳಿಯುತ್ತದೆ ಎಂದು ಭರವಸೆ ಇಲ್ಲ.

ಸಾಲ ಮಾಡುವವರಿಗೆ ಒಂದು ಮಾತು. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ಸ್ವಂತ ವಾಸದ ಮನೆ ಕಟ್ಟುವ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ರಿಪೇರಿ ಸಾಲದ ಬಡ್ಡಿಗೆ ಬರೀ 30,000. ಹೊಸ ಪದ್ಧತಿಯಲ್ಲಿದ್ದರೆ ಎರಡಕ್ಕೂ ಇಲ್ಲ, ತಲೆನೋವೂ ಇಲ್ಲ.

ಕೆಲಸ ಕೊಡುವಾಗ ಲಂಪ್‌ಸಮ್ ಬೇಡ. ಒಂದೊಂದು ಕೆಲಸಕ್ಕೂ ಅಳತೆ, ದರ, ಸಾಮಾನಿನ ಕಂಪನಿ ಬರೆಸಿಕೊಳ್ಳಿ. ನಮಗೆ ಮೊದಲು ಸಿಕ್ಕಿದ ಕಾಂಟ್ರಾಕ್ಟರ್ ಒಂದೇ ಸಾಲಿನ ಕೊಟೇಶನ್ ಕೊಟ್ಟಿದ್ದರು: "ಪೂರ್ತಿ ಮನೆ, ಒಳ್ಳೆ ಕ್ವಾಲಿಟಿ, 10 ಲಕ್ಷ." ಒಳ್ಳೆ ಕ್ವಾಲಿಟಿ ಅಂದರೆ ಏನು ಎಂದು ಕೇಳಿದ್ದಕ್ಕೆ ಮತ್ತೆ ಫೋನೇ ಎತ್ತಲಿಲ್ಲ. ಒಡೆಯುವ ಕೆಲಸವನ್ನು ಮೊದಲು ಮುಗಿಸಿ, ಅಲ್ಲಿ ನಿಂತು ಎಸ್ಟಿಮೇಟನ್ನು ಮತ್ತೊಮ್ಮೆ ತಿದ್ದಿಸಿ. ಟೈಲ್ಸ್ ಖರೀದಿ ಆಮೇಲೆ. ಹಿತ್ತಲಿನಲ್ಲಿ ಹಳೆ ಸಿಮೆಂಟ್ ಶೀಟ್ ಇದ್ದರೆ ಸುತ್ತಿಗೆಯಲ್ಲಿ ಒಡೆಯಲು ಬಿಡಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಲು ಹೇಳಿ.

ಹಾಲಿನ ರೆಡ್ ಆಕ್ಸೈಡ್ ನೆಲವನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಬೀಮ್ ಕೂರಿಸುವಾಗ ಒಂದು ಮೂಲೆ ಎದ್ದುಹೋಯಿತು. ಆ ಕೆಲಸ ಬಲ್ಲ ಗಾರೆಯವರನ್ನು ಹುಡುಕಿ ತೇಪೆ ಹಾಕಿಸಿದೆವು. ಬಣ್ಣ ಸ್ವಲ್ಪ ಬೇರೆಯೇ ಬಂತು. ಯಜಮಾನರು ಅದರ ಮೇಲೆ ಟೀಪಾಯಿ ಇಟ್ಟಿದ್ದಾರೆ.